ಒಂದಕ್ಕೆ ಇಳಿಯದವಳು

ಕಟ್ಟುತ್ತಿರುವ ಕಟ್ಟಡಗಳ ನೆತ್ತಿಗಿಂತಲೂ ಮೇಲೆ, ಕ್ರೇನಿನ ಗಾಜಿನ ಗೂಡಿನಲ್ಲಿ ಕೂತು ಕೆಲಸ ಮಾಡುತ್ತಿದ್ದ ಅವಳನ್ನು ಕೆಳಗಿನವರೆಲ್ಲ ಆಕಾಶಮ್ಮ ಎನ್ನುತ್ತಿದ್ದರು. ಮೊದಮೊದಲು ಅದು ಗೇಲಿಯ ಹೆಸರು. ಬರಬರುತ್ತಾ ಅವಳ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಯಿತು.

ಅವಳು ಗಾರೆ ಕೆಲಸದವನ ಮಗಳು. ನಡೆಯಲು ಕಲಿತದ್ದೇ ಮರಳಿನ ಗುಡ್ಡೆಯ ಮೇಲೆ. ದೊಡ್ಡವಳಾದ ಮೇಲೆ, ಕ್ರೇನಿನ ಕೆಳಗೆ ನಿಂತು ಕೈಸನ್ನೆಯಿಂದ ಭಾರ ಇಳಿಸಿಕೊಳ್ಳುವ ಕೆಲಸಕ್ಕೆ ಸೇರಿದಳು. ಕತ್ತು ನೋಯುವಷ್ಟು ಮೇಲೆ ನೋಡಿ ನೋಡಿ, ಅಲ್ಲಿ ಕೂತವನಿಗಿಂತ ಇದನ್ನು ನಾನೇ ಚೆನ್ನಾಗಿ ಮಾಡಬಲ್ಲೆ ಅನ್ನಿಸಿತು. ತರಬೇತಿಗೆ ಹೋದಳು, ಪರೀಕ್ಷೆ ಪಾಸಾದಳು, ಲೈಸೆನ್ಸ್ ತಂದು ಮೇಸ್ತ್ರಿಯ ಕೈಗಿಟ್ಟಳು.

"ಹತ್ತು ನೋಡೋಣ," ಅಂದ ಮೇಸ್ತ್ರಿ. "ಮೇಲೆ ಹೋಗಿ ಅಳೋಕೆ ಶುರು ಮಾಡಿದ್ರೆ ಇಳಿಸೋಕೆ ನನ್ನತ್ರ ಇನ್ನೊಂದು ಕ್ರೇನ್ ಇಲ್ಲ."

ಅವಳು ಅಳಲಿಲ್ಲ. ಮಲಗಿದ ಮಗುವನ್ನು ತೋಳಿಂದ ಹಾಸಿಗೆಗೆ ಇಳಿಸುವ ಹಾಗೆ ಕಬ್ಬಿಣದ ಕಂತೆಗಳನ್ನು ಸದ್ದಿಲ್ಲದೆ ಇಳಿಸುತ್ತಿದ್ದಳು. ಅಲ್ಲೇ ವೈರಿಂಗ್ ಕೆಲಸ ಮಾಡುತ್ತಿದ್ದವನನ್ನು ಮದುವೆಯಾದಳು. ಒಬ್ಬ ಮಗಳು ಹುಟ್ಟಿದಳು.

ಕೆಲಸದಲ್ಲಿ ಕಷ್ಟ ಅಂತಿದ್ದದ್ದು ಒಂದೇ. ಶೌಚಾಲಯ ಕೆಳಗೆ, ಗೇಟಿನ ಪಕ್ಕದಲ್ಲಿತ್ತು. ಏಣಿ ಇಳಿದು ಮತ್ತೆ ಹತ್ತುವಷ್ಟರಲ್ಲಿ ಕೈಕಾಲು ಸೋತುಹೋಗುತ್ತಿತ್ತು, ಅಷ್ಟು ಹೊತ್ತೂ ಕೆಳಗೆ ಕೆಲಸ ನಿಲ್ಲುತ್ತಿತ್ತು. ಗಂಡಸರು ಮೇಲಕ್ಕೆ ಒಂದು ಖಾಲಿ ಬಾಟಲಿ ಒಯ್ಯುತ್ತಿದ್ದರು. ಸುತ್ತಲೂ ಗಾಜಿರುವ ಆ ಗೂಡಿನಲ್ಲಿ ಹೆಂಗಸು ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಒಂದು ದಿನ ಚಾವಣಿಗೆ ಕಾಂಕ್ರೀಟ್ ಹಾಕುತ್ತಿದ್ದಾಗ ತಡೆಯಲಾರದೆ ಇಳಿದಳು. ವಾಕಿ-ಟಾಕಿಯಲ್ಲಿ ಎಂಜಿನಿಯರ್ ಕೂಗಿದರು: "ಕ್ರೇನ್ ಯಾಕ್ರೀ ನಿಂತಿದೆ?"

"ಆಕಾಶಮ್ಮ ಒಂದಕ್ಕೆ ಇಳಿದಿದಾರೆ ಸಾರ್!"

ಮೇಸ್ತ್ರಿಯ ಈ ಮಾತು ಪ್ರತಿ ಮಹಡಿಯ ವಾಕಿ-ಟಾಕಿಯಲ್ಲೂ ಮೊಳಗಿತು. ಅವಳು ಗೇಟಿನಿಂದ ವಾಪಸ್ಸು ಬರುವಾಗ ಸೆಂಟ್ರಿಂಗ್ ಹಲಗೆ ಬಡಿಯುವ ಹುಡುಗರು ಹಲ್ಲು ಕಿರಿಯುತ್ತಾ ನಿಂತಿದ್ದರು. "ಇನ್ನೊಂದ್ಸಲ ಅವಸರ ಆದ್ರೆ ಮೊದಲೇ ಹೇಳಿಬಿಡಿ ಅಕ್ಕಾ, ಕೊಡೆ ಹಿಡ್ಕೋತೀವಿ," ಅಂದ ಒಬ್ಬ. ಅವಳೂ ನಕ್ಕಳು. ನಗದಿದ್ದರೆ ಇನ್ನೂ ಆಡಿಕೊಳ್ಳುತ್ತಿದ್ದರು. ಕಿವಿ ಬಿಸಿಯಾಗಿ ಏಣಿ ಹತ್ತಿದಳು. ಮಾರನೆಯ ಬೆಳಗ್ಗೆಯಿಂದ ಮನೆಯಲ್ಲಿ ಒಂದು ಗುಟುಕು ನೀರನ್ನೂ ಕುಡಿಯದೆ ಕೆಲಸಕ್ಕೆ ಹೊರಟಳು.

ದೇಹವನ್ನು ಪಳಗಿಸುವುದು ಅವಳು ಅಂದುಕೊಂಡದ್ದಕ್ಕಿಂತ ಸುಲಭವಾಗಿತ್ತು. ಕೆಲವು ವಾರ ತಲೆ ಸಿಡಿಯಿತು, ತುಟಿ ಒಡೆಯಿತು, ಆಮೇಲೆ ಬಾಯಾರಿಕೆಯೇ ಸುಮ್ಮನಾಯಿತು. ಸಂಜೆ ಮನೆಗೆ ಬಂದು ಒಂದಕ್ಕೆ ಹೋದರೆ ಕಡು ಹಳದಿ, ಉರಿ. ಆಗಾಗ ನಡುಕದ ಜ್ವರ. ಅದಕ್ಕೆ ಔಷಧಿ ಅಂಗಡಿಯವನು ಕೊಟ್ಟ ಮಾತ್ರೆ, ಸೊಂಟನೋವಿಗೆ ಇನ್ನೊಂದು ಮಾತ್ರೆ. ನೋವಿನ ಮಾತ್ರೆಯನ್ನಂತೂ ಕಡಲೆ ತಿಂದ ಹಾಗೆ ತಿಂದಳು.

"ಡಾಕ್ಟರ್ ಹತ್ರ ಹೋಗೋಣ ಬಾರೇ," ಅನ್ನುತ್ತಿದ್ದ ಗಂಡ.

"ರಜೆ ಹಾಕಿದ್ರೆ ಆ ಸೀಟಲ್ಲಿ ಇನ್ನೊಬ್ಬನ್ನ ಕೂರಿಸ್ತಾರೆ ಕಣ್ರೀ. ಇದು ಬರೀ ಸೊಂಟನೋವು, ಹೋಗುತ್ತೆ."

ವರ್ಷಗಳು ಹೀಗೇ ಕಳೆದವು. ಒಂದು ಸಂಜೆ ಮಗಳು ಪರೀಕ್ಷೆಗೆ ಓದುತ್ತಿದ್ದಳು. ಪುಸ್ತಕ ಅಮ್ಮನ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಒಪ್ಪಿಸತೊಡಗಿದಳು. ಮೀನು ತನ್ನ ಕಶ್ಮಲವನ್ನು ಕಿವಿರುಗಳಿಂದಲೇ ನೀರಿಗೆ ಬಿಡುತ್ತದೆ. ಎರೆಹುಳುವಿನ ಮೈಯುದ್ದಕ್ಕೂ ಸಣ್ಣ ಸಣ್ಣ ಕೊಳವೆಗಳಿವೆ. ಹಕ್ಕಿಗೆ ಮೂತ್ರಕೋಶವೇ ಇಲ್ಲ, ಹಾರುವಾಗ ಭಾರ ಹೊರಬಾರದೆಂದು ಎಲ್ಲವನ್ನೂ ಬಿಳಿಯ ಹಿಕ್ಕೆಯ ಜೊತೆಗೇ ಹಾಕಿಬಿಡುತ್ತದೆ. ಮನುಷ್ಯನಿಗೆ ಎರಡು ಮೂತ್ರಪಿಂಡ. ಅವು ಹಗಲೂ ರಾತ್ರಿ ರಕ್ತವನ್ನು ಸೋಸುತ್ತಲೇ ಇರುತ್ತವೆ.

"ಬೇಡದ್ದನ್ನ ಹೊರಗೆ ಹಾಕದೆ ಬದುಕೋ ಪ್ರಾಣೀನೇ ಇಲ್ವಂತೆ ಅಮ್ಮ."

"ಯಾಕಿಲ್ಲ? ಪುಸ್ತಕ ಹಿಡ್ಕೊಂಡು ನಿನ್ನೆದುರಿಗೇ ಕೂತಿದೆಯಲ್ಲ!"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹೊತ್ತಿಗಾಗಲೇ ಅಮ್ಮನ ಪಾದ ಬೂಟಿಗೆ ಹಿಡಿಸುತ್ತಿರಲಿಲ್ಲ.

ಆಮೇಲೆ ಮುಖ ಊದಿತು. ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ. ಏಣಿಯ ನಡುವೆ ಉಸಿರು ಕಟ್ಟಿ ಕಂಬಿಯನ್ನು ತಬ್ಬಿ ನಿಂತಳು. ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿಕೊಂಡರು. ಅಂದು ಯಾರೂ ನಗಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದರು. "ಎರಡೂ ಕಿಡ್ನಿ ಕುಗ್ಗಿಹೋಗಿವೆ. ಸೋಂಕು ಮೇಲಿಂದ ಮೇಲೆ ಬಂದಿದೆ, ಅದರ ಮೇಲೆ ಆ ನೋವಿನ ಮಾತ್ರೆ ಬೇರೆ. ಇಷ್ಟು ವರ್ಷ ಏನ್ ಮಾಡ್ತಿದ್ರಮ್ಮಾ?"

"ಕೆಲಸ ಮಾಡ್ತಿದ್ದೆ. ಇನ್ಮೇಲೆ ಚೆನ್ನಾಗಿ ನೀರು ಕುಡೀತೀನಿ ಡಾಕ್ಟ್ರೇ. ಸರಿಹೋಗುತ್ತಲ್ಲ?"

ಡಾಕ್ಟರಮ್ಮ ಚಿತ್ರವನ್ನು ಕೆಳಗಿಟ್ಟರು. "ಈಗ ಕುಡಿದ್ರೆ ಅದು ಹೊರಗೆ ಹೋಗೋಕೆ ದಾರಿ ಇಲ್ಲ. ಇನ್ಮೇಲೆ ನೀವು ಅಳತೆ ಮಾಡಿ ಕುಡೀಬೇಕು."

ಆಗ ಮೊದಲ ಬಾರಿ ಅವಳು ಅತ್ತಳು.

ಗಂಡ ತನ್ನ ಕಿಡ್ನಿ ಕೊಡುತ್ತೇನೆಂದು ಹೊರಟ. ಪರೀಕ್ಷೆಯಲ್ಲಿ ಅವನಿಗೇ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಅವಳ ತಮ್ಮ ಫೋನಿನಲ್ಲಿ "ಅಕ್ಕಾ, ನಾನಿಲ್ವಾ?" ಅಂದ. ಪರೀಕ್ಷೆಯ ದಿನ ಬರಲಿಲ್ಲ, ಆಮೇಲೆ ಫೋನನ್ನೂ ಎತ್ತಲಿಲ್ಲ. "ಅವನಿಗೂ ಮಕ್ಕಳಿವೆ," ಅಂತ ಅವಳೇ ಗಂಡನನ್ನು ಸಮಾಧಾನ ಮಾಡಿದಳು.

ಉಳಿದದ್ದು ಡಯಾಲಿಸಿಸ್. ದಿನ ಬಿಟ್ಟು ದಿನ, ಕಿಟಕಿಯಿಲ್ಲದ ಉದ್ದನೆಯ ಕೋಣೆ. ತೋಳಿನಿಂದ ರಕ್ತ ಯಂತ್ರಕ್ಕೆ ಹೋಗಿ, ಸೋಸಿಕೊಂಡು ವಾಪಸ್ಸು ಬರುತ್ತದೆ. ಮನೆಗೆ ಬಂದರೆ ಮಲಗುವುದಷ್ಟೇ. ವರ್ಷಗಟ್ಟಲೆ ಸತ್ತಂತಿದ್ದ ಬಾಯಾರಿಕೆ ಈಗ ಎದ್ದು ಕೂತಿತ್ತು. ಮಗಳು ಸ್ನಾನ ಮಾಡುವ ಸದ್ದು ಕೇಳಿದರೂ ನಾಲಗೆ ಒದ್ದಾಡುತ್ತಿತ್ತು. ಬಚ್ಚಲಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. ಒಂದು ಹನಿಯೂ ಬರುತ್ತಿರಲಿಲ್ಲ.

ಒಂದು ಭಾನುವಾರ ಒಬ್ಬ ಹುಡುಗಿ ಮನೆಗೆ ಬಂದಳು. ಅದೇ ಕ್ರೇನಿಗೆ ಹೊಸದಾಗಿ ಸೇರಿದವಳು. ಆಕಾಶಮ್ಮನ ಮುಖ ಅರಳಿತು. ಗಾಳಿ ಬಂದಾಗ ಭಾರವನ್ನು ಹೇಗೆ ಹಿಡಿಯಬೇಕು, ಬಿಸಿಲು ಎದುರಾದಾಗ ಹೇಗೆ ಅಂದಾಜು ಮಾಡಬೇಕು, ಎಲ್ಲವನ್ನೂ ಕೈಯಾಡಿಸಿ ತೋರಿಸಿದಳು. ಹುಡುಗಿ ತಲೆಯಾಡಿಸುತ್ತಿದ್ದಳು. ಕೊನೆಗೆ ದನಿ ತಗ್ಗಿಸಿ ಕೇಳಿದಳು:

"ಅಕ್ಕಾ, ಅದಲ್ಲ. ನೀವು ಒಂದು ದಿನಾನೂ ಒಂದಕ್ಕೆ ಇಳೀತಿರ್ಲಿಲ್ಲ ಅಂತ ಮೇಸ್ತ್ರಿ ಹೇಳ್ತಾನೇ ಇರ್ತಾರೆ. ನಂಗೆ ಮಧ್ಯಾಹ್ನದ ತನಕಾನೂ ತಡ್ಕೊಳ್ಳೋಕಾಗಲ್ಲ. ಹೇಗ್ ಇರ್ತಿದ್ರಿ?"

ಆಕಾಶಮ್ಮ ತೋಳು ಚಾಚಿದಳು. ಸೂಜಿ ಚುಚ್ಚಿ ಚುಚ್ಚಿ ರಕ್ತನಾಳ ಹಗ್ಗದಂತೆ ಉಬ್ಬಿತ್ತು. "ಹೀಗಿರ್ತಿದ್ದೆ. ನೋಡ್ಕೋ. ಕುಡಿ, ಬಂದಾಗ ಇಳಿ. ಬೈದ್ರೆ ಬೈಲಿ."

"ಬೈದ್ರೆ ಪರವಾಗಿಲ್ಲ ಅಕ್ಕಾ. ತೆಗೆದುಹಾಕ್ತೀನಿ ಅಂದಿದಾರೆ. ನಮ್ಮನೇಲಿ ದುಡಿಯೋಳು ನಾನೊಬ್ಳೇ."

ಹುಡುಗಿಗೆ ಮಗಳು ನೀರು ತಂದುಕೊಟ್ಟಳು. ಹುಡುಗಿ ತುಟಿಯನ್ನಷ್ಟೇ ಒದ್ದೆ ಮಾಡಿಕೊಂಡು ಲೋಟ ಕೆಳಗಿಟ್ಟಳು.

ಮಾರನೆಯ ದಿನ ಆಕಾಶಮ್ಮ ಗಂಡನನ್ನು ಮೇಸ್ತ್ರಿಯ ಹತ್ತಿರ ಕಳಿಸಿದಳು. ಮೇಲೆ ಏನಾದರೂ ಏರ್ಪಾಡು ಮಾಡಲಿ, ಇಲ್ಲವೇ ಮಧ್ಯಾಹ್ನಕ್ಕೊಮ್ಮೆ ಸೀಟಿಗೆ ಇನ್ನೊಬ್ಬರನ್ನು ಕೂರಿಸಲಿ. ಮೇಸ್ತ್ರಿ ಮರುಕದಿಂದಲೇ ಕೇಳಿಸಿಕೊಂಡನಂತೆ, ದೊಡ್ಡವರಿಗೆ ಹೇಳುತ್ತೇನೆ ಅಂದನಂತೆ. ಅಷ್ಟೇ.

ಅಂದಿನಿಂದ ಗಂಡ ಅದೇ ಕಟ್ಟಡದ ಕೆಲಸ ಮುಗಿಸಿ ಬಂದ ಕೂಡಲೇ ಅವಳದು ಒಂದೇ ಪ್ರಶ್ನೆ: "ಇಳಿದ್ಲಾ ಆ ಹುಡುಗಿ?"

"ಇಲ್ಲ."

ಕೆಲವು ದಿನ ಅವನು ಹೀಗೆ ನಿಜ ಹೇಳಿದ. ಆಮೇಲೊಂದು ಸಂಜೆ, ಚೀಲ ಬಿಚ್ಚುತ್ತಾ, ಅವಳತ್ತ ನೋಡದೆ, "ಹೂಂ, ಇಳಿದ್ಲು," ಅಂದ. ಅವಳು ಅವನ ಬೆನ್ನನ್ನೇ ಸ್ವಲ್ಪ ಹೊತ್ತು ನೋಡಿದಳು. ಮಗ್ಗುಲಾಗಿ ಗೋಡೆಯ ಕಡೆ ತಿರುಗಿದಳು. ಮತ್ತೆ ಆ ಮಾತನ್ನು ಕೇಳಲಿಲ್ಲ.