ನಾನು ತೆಗೆಸಿದ ಅಧ್ಯಾಯ

ಕೆಲಸ ಬಿಟ್ಟ ದಿನ ಆಫೀಸಿನಲ್ಲಿ ಕೇಕ್ ತರಿಸಿದ್ದರು. ಬನ್ನೇರುಘಟ್ಟ ರಸ್ತೆಯ ಆ ಕಟ್ಟಡದಲ್ಲಿ ಹದಿನಾರು ವರ್ಷ ನಾನು ಟೆಸ್ಟಿಂಗ್ ಮಾಡಿದ್ದೆ. ಅಂದರೆ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವುದು. ಕೇಕ್ ಕತ್ತರಿಸಿದ ಮೇಲೆ ಮ್ಯಾನೇಜರು ಕೇಳಿದರು, "ಮುಂದೇನು ಪ್ಲಾನು?"

"ಕಾದಂಬರಿ ಬರೀತೀನಿ."

"ಇಂಗ್ಲಿಷಲ್ಲಾ?"

"ಕನ್ನಡದಲ್ಲಿ."

ಅವರು ಕೇಕಿನ ತಟ್ಟೆ ಕೆಳಗಿಟ್ಟು, "ನೈಸ್" ಅಂದರು. ಆಮೇಲೆ ಮಾತು ಯಾರದೋ ವೀಸಾದ ಕಡೆ ಹೋಯಿತು.

ಲಿಫ್ಟಿನ ತನಕ ನನ್ನ ಜೊತೆ ಬಂದವನು ಒಬ್ಬನೇ. ನಮ್ಮ ಟೀಮಿನ ಡೆವಲಪರ್, ನನಗಿಂತ ಹತ್ತು ವರ್ಷ ಚಿಕ್ಕವನು. ಅರೆಕೆರೆಯ ಹಳೇ ಊರಿನವನು. ಅವರ ತಾತ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಅವರದೇ ನಾಲ್ಕು ಮಹಡಿಯ ಕಟ್ಟಡ ಇದೆ, ಕೆಳಗೆ ಅವರು, ಮೇಲೆಲ್ಲ ಬಾಡಿಗೆಯವರು. ಲಿಫ್ಟಿಗೆ ಕಾಯುತ್ತಾ ಅವನು, "ಅಕ್ಕ, ನಾನೂ ಒಂದು ಬರೀತಾ ಇದೀನಿ" ಅಂದ.

"ಏನು?"

"ಗೊತ್ತಿಲ್ಲ, ಉದ್ದ ಆಗ್ತಾ ಇದೆ. ಬಿಲ್ಡ್ ಓಡ್ತಿರುತ್ತಲ್ಲ, ಆಗ ಫೋನಲ್ಲಿ ಟೈಪ್ ಮಾಡ್ತೀನಿ. ಮುಗಿದ್ಮೇಲೆ ನಿಮಗೆ ಕಳ್ಸಲಾ? ಒತ್ತಕ್ಷರ ಎಲ್ಲಾ ತಪ್ಪಿರುತ್ತೆ."

ಬರೆದ ಕೋಡನ್ನೆಲ್ಲ ಕಂಪ್ಯೂಟರು ಜೋಡಿಸಿ ಮುಗಿಸುವ ತನಕ ಹದಿನೈದು ಇಪ್ಪತ್ತು ನಿಮಿಷ ಎಲ್ಲರೂ ಕಾಯಬೇಕು, ಅದಕ್ಕೆ ಬಿಲ್ಡ್ ಅನ್ನುತ್ತಾರೆ. ಆ ಹೊತ್ತಿನಲ್ಲಿ ಉಳಿದವರು ಕಾಫಿಗೆ ಹೋಗುತ್ತಿದ್ದರು. ಇವನು ಮೂಲೆಯಲ್ಲಿ ಫೋನು ಹಿಡಿದು ಕೂತಿರುತ್ತಿದ್ದ. ಕ್ರಿಕೆಟ್ ಸ್ಕೋರು ನೋಡುತ್ತಾನೆ ಅಂದುಕೊಂಡಿದ್ದೆ.

"ಕಳ್ಸು, ನೋಡ್ತೀನಿ" ಅಂದೆ. ಆಗ ದೊಡ್ಡ ಮನಸ್ಸು ಮಾಡುವುದರಲ್ಲಿ ನನಗೇನೂ ಕಷ್ಟವಿರಲಿಲ್ಲ.

ನಮ್ಮದು ಜಯನಗರದ ಹಳೇ ಸಂಸಾರ. ಅಪ್ಪನ ಕಪಾಟಿನ ತುಂಬ ಪುಸ್ತಕ. ಹೈಸ್ಕೂಲಿನಿಂದ ಪ್ರಬಂಧ ಸ್ಪರ್ಧೆಯಲ್ಲಿ ಮೊದಲ ಬಹುಮಾನ ನನಗೇ. ಮನೆಗೆ ಬಂದವರಿಗೆಲ್ಲ ಅಮ್ಮ, "ಇವಳು ಬರೀತಾಳೆ" ಅಂತ ಹೇಳುತ್ತಿದ್ದಳು, ನಾನು ಏನೂ ಬರೆಯದ ವರ್ಷಗಳಲ್ಲೂ. ನಲವತ್ತು ದಾಟಿದ ಮೇಲೆ ಆ ಮಾತಿಗೆ ನಾಚಿಕೆಯಾಗತೊಡಗಿತ್ತು, ಅದಕ್ಕೇ ಕೆಲಸ ಬಿಟ್ಟೆ. ಬ್ಯಾಂಕಿನಲ್ಲಿರುವ ಗಂಡ ಎರಡು ದಿನ ಯೋಚಿಸಿ, "ನೀನು ಬರೀದೇ ಸಿಡುಕೋದಕ್ಕಿಂತ ಬರೆದು ಸಿಡುಕು" ಅಂದ.

ತಿಲಕ್ ನಗರದ ಕಡೆ ಮುಖ ಮಾಡಿದ ಕಿಟಕಿಯ ಪಕ್ಕ ಟೇಬಲ್ ಹಾಕಿಕೊಂಡೆ. ಮಗಳು ಶಾಲೆಗೆ ಹೋದ ಮೇಲೆ ಕೂತರೆ ಅವಳ ವ್ಯಾನು ಬರುವ ತನಕ. ಒಂದು ವಾಕ್ಯವನ್ನು ಎಂಟು ಸಲ ತಿದ್ದುತ್ತಿದ್ದೆ. ಎರಡು ವರ್ಷಕ್ಕೆ ಕಾದಂಬರಿ ಮುಗಿಯಿತು. ಮೂರು ಪ್ರಕಾಶಕರು ಉತ್ತರ ಬರೆಯಲಿಲ್ಲ, ನಾನೇ ಅಚ್ಚು ಹಾಕಿಸಿದೆ. ಪ್ರೂಫು ನಾನೇ ನೋಡಿದೆ, ಮುಖಪುಟ ನಾನೇ ಆರಿಸಿದೆ, ಕೊರಿಯರ್ ಕವರಿನ ಮೇಲೆ ವಿಳಾಸ ನಾನೇ ಬರೆದೆ. ಬಂಡಲುಗಳು ದಿವಾನ್ ಮಂಚದ ಕೆಳಗೆ ಸೇರಿದವು, ಬಹಳಷ್ಟು ಅಲ್ಲೇ ಉಳಿದವು.

ಓದಿದವರು ಎಲ್ಲರೂ ಒಂದೇ ಮಾತು ಹೇಳಿದರು: ಭಾಷೆ ತುಂಬಾ ಚೆನ್ನಾಗಿದೆ. ಗಿರಿನಗರದ ಚಿಕ್ಕಮ್ಮ ಫೋನು ಮಾಡಿ, "ಎಲ್ಲೂ ಒಂದು ತಪ್ಪು ಸಿಗ್ಲಿಲ್ಲ ಕಣೇ" ಅಂದರು. ಕಥೆಯ ಬಗ್ಗೆ ಏನಾದರೂ ಹೇಳುತ್ತಾರೇನೋ ಅಂತ ಕಾದೆ. ಅವರು ಮಗಳ ಪರೀಕ್ಷೆ ಯಾವಾಗ ಅಂತ ಕೇಳಿದರು.

ಲಿಫ್ಟಿನ ಹತ್ತಿರ ಕೇಳಿದ್ದ ಆ ಡೆವಲಪರ್ ಹುಡುಗನ ಕಾದಂಬರಿ ಮೇಲ್‌ನಲ್ಲಿ ಬಂದದ್ದು ಅದೇ ತಿಂಗಳು. ತಿಲಕ್ ನಗರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಕೂತೆ. ಮೊದಲ ಪುಟದಲ್ಲೇ ಹದಿನಾಲ್ಕು ತಪ್ಪು. ಹಕಾರ ಇರಬೇಕಾದಲ್ಲಿ ಅಕಾರ, ಅಕಾರ ಇರಬೇಕಾದಲ್ಲಿ ಹಕಾರ. ಸುತ್ತು ಹಾಕುತ್ತಾ ಹೋದೆ, ನಿಜ ಹೇಳಬೇಕೆಂದರೆ ಖುಷಿಯಾಗುತ್ತಿತ್ತು. ಹೊಲ ಲೇಔಟ್ ಆದ ಕಾಲದ ಅಣ್ಣತಮ್ಮಂದಿರ ಕಥೆ ಅದು. ಮೂರನೇ ಅಧ್ಯಾಯದ ಹೊತ್ತಿಗೆ ಸುತ್ತು ಹಾಕುವುದು ಮರೆತಿದ್ದೆ.

ಹನ್ನೊಂದನೇ ಅಧ್ಯಾಯ ಅವನ ಅಜ್ಜಿಯದು. ಇಡೀ ಪುಸ್ತಕದಲ್ಲಿ ಅಜ್ಜಿ ಬರುವುದು ಅಲ್ಲಿ ಮಾತ್ರ. ದಿನಾ ಬೆಳಿಗ್ಗೆ ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರು ಏರಿಸುವ ಮೋಟರ್ ಹಾಕುವುದು ಅವಳ ಕೆಲಸ. ಬಾಡಿಗೆಯವರ ಭಾಷೆ ಯಾವುದೂ ಅವಳಿಗೆ ಬಾರದು. ಆದರೆ ಗೋಡೆಯ ಪೈಪಿನ ಪಕ್ಕ ಕೂತು ಕಿವಿಗೊಟ್ಟರೆ ಅವಳಿಗೆ ಎಲ್ಲ ಮನೆಗಳ ಸಮಾಚಾರ ಸಿಗುತ್ತೆ. ಎರಡನೇ ಮಹಡಿಯವನು ಮನೆಗೆ ಬಂದಿಲ್ಲ, ಅವನ ನಲ್ಲಿ ತಿರುಗಿಲ್ಲ. ಅದರ ಮೇಲಿನ ಮನೆಗೆ ನೆಂಟರು ಬಂದಿದ್ದಾರೆ. ಕೊನೆಯ ಮಹಡಿಯ ಹೆಂಗಸು ದಿನಾ ಹನ್ನೊಂದು ಗಂಟೆಗೆ ನಲ್ಲಿ ಬಿಡುತ್ತಾಳೆ, ಬಕೆಟ್ ತುಂಬುವ ಸದ್ದು ಮಾತ್ರ ಇಲ್ಲ, ನೀರು ಸುಮ್ಮನೆ ಹೋಗುತ್ತೆ. ಅಳುವುದು ಹೊರಗೆ ಕೇಳಬಾರದು ಅಂತ ಬಿಟ್ಟುಕೊಂಡಿದ್ದಾಳೆ ಅನ್ನುವುದು ಅಜ್ಜಿಗೆ ತಿಳಿಯುತ್ತೆ. ಒಂದು ದಿನ ಅಜ್ಜಿ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ, ಬಾಗಿಲು ತಟ್ಟಿ, "ನೀರು ದಂಡ ಆಯ್ತದೆ" ಅಂತ ಗದರುತ್ತಾಳೆ. ಆ ಹೆಂಗಸಿಗೆ ಅರ್ಥವಾಗುವುದಿಲ್ಲ. ಅಜ್ಜಿ ಒಳಗೆ ಹೋಗಿ ನಲ್ಲಿ ನಿಲ್ಲಿಸಿ ಬಂದು ಅವಳ ಹೊಸ್ತಿಲ ಮೇಲೆ ಕೂರುತ್ತಾಳೆ, ಊಟದ ಹೊತ್ತಿನ ತನಕ.

ಬೆಲ್ ಆಯಿತು. ಬಾಗಿಲು ತೆಗೆದರೆ ಮಗಳು. ವ್ಯಾನಿನ ಹತ್ತಿರ ಹೋಗುವುದನ್ನೇ ಮರೆತಿದ್ದೆ. ಅವಳು ಒಬ್ಬಳೇ ರಸ್ತೆ ದಾಟಿ ನಡೆದು ಬಂದಿದ್ದಳು. "ಅಮ್ಮ, ಹುಷಾರಿಲ್ವಾ?" ಅಂತ ಕೇಳಿದಳು.

ಹೊಟ್ಟೆಕಿಚ್ಚು ಅನ್ನುವ ಮಾತನ್ನು ಎಷ್ಟೋ ಸಲ ಬರೆದಿದ್ದೆ. ಅದು ನಿಜಕ್ಕೂ ಹೊಟ್ಟೆಯಲ್ಲೇ ಶುರುವಾಗುತ್ತೆ ಅಂತ ಅವತ್ತು ಗೊತ್ತಾಯಿತು. ಆ ವಾರ ಸರಿಯಾಗಿ ಉಣ್ಣಲಿಲ್ಲ. ಅವನು ನನ್ನ ಹಾಗೆ ಏನನ್ನೂ ಬಿಟ್ಟಿರಲಿಲ್ಲ. ಸಂಬಳ ಬರುತ್ತಿತ್ತು, ಸ್ವಂತ ಕಟ್ಟಡ ಇತ್ತು, ಅಂಥ ಅಜ್ಜಿ ಇದ್ದಳು. ಮೇಲೆ ಇದೂ. ನಾನು ಬಾಗಿಲು ಹಾಕಿಕೊಂಡು ಎರಡು ವರ್ಷ ಕೂತು ಹುಡುಕಿದ್ದು ಅವನಿಗೆ ಬಿಲ್ಡ್ ಮುಗಿಯುವಷ್ಟರಲ್ಲಿ ಸಿಕ್ಕಿತ್ತು. ಇನ್ನೊಂದು ಯೋಚನೆಯೂ ಬಂತು, ಅದನ್ನು ಬರೆಯಲು ನಾಚಿಕೆ: ಕನ್ನಡ ನಮ್ಮ ಮನೆಯ ಆಸ್ತಿ ಅಂದುಕೊಂಡಿದ್ದೆ, 'ಹಾಲು' ಬರೆಯಲು ಬಾರದವನು ಒಳಗೆ ಹೇಗೆ ಬಂದ ಅನ್ನಿಸಿತು.

ಶನಿವಾರ ಜಯನಗರದ ಒಂದು ದರ್ಶಿನಿಯಲ್ಲಿ ಭೇಟಿಯಾದೆವು. ಕಾಫಿ ಲೋಟ ಬದಿಗೆ ಸರಿಸಿ, ಕೆಂಪು ಗುರುತಿನ ಹಾಳೆಗಳನ್ನು ಅವನ ಮುಂದಿಟ್ಟೆ. ಅವನು ಪುಟ ತಿರುಗಿಸಿ ನಕ್ಕ. "ಇಷ್ಟೊಂದಾ ಅಕ್ಕ?"

"ಅದೆಲ್ಲ ಸರಿ ಹೋಗುತ್ತೆ. ಒಂದೇ ದೊಡ್ಡ ಬದಲಾವಣೆ. ಹನ್ನೊಂದನೇ ಅಧ್ಯಾಯ ತೆಗೆದ್ಬಿಡು."

"ಅಜ್ಜೀದಾ?"

"ಅಣ್ಣತಮ್ಮಂದಿರ ಕಥೆ ಓಡ್ತಾ ಇರುತ್ತೆ, ಅದು ಮಧ್ಯ ಬಂದು ಅಡ್ಡ ನಿಲ್ಲುತ್ತೆ."

ಅವನು ಲೋಟವನ್ನು ಟೇಬಲ್ ಮೇಲೆ ತಿರುಗಿಸುತ್ತಾ ನಿಂತ. "ನಂಗೆ ಅದು ಇಷ್ಟ ಆಗಿತ್ತು."

"ನಮಗೆ ಇಷ್ಟ ಆಗಿದ್ದೇ ಕೆಲವು ಸಲ ಓದೋರಿಗೆ ತೊಂದ್ರೆ ಕೊಡುತ್ತೆ." ಇದನ್ನು ಹೇಳುವಾಗ ನನ್ನ ದನಿ ತೀರಾ ಸಹಜವಾಗಿತ್ತು.

"ಸರಿ ಬಿಡಿ ಅಕ್ಕ. ನಿಮಗೆ ಗೊತ್ತಿರುತ್ತೆ" ಅಂದ. ನನ್ನ ಕಾಫಿಗೂ ಅವನೇ ದುಡ್ಡು ಕೊಟ್ಟ.

ಅವನ ಪುಸ್ತಕವನ್ನು ಮೊದಲು ಕಳಿಸಿದ ಪ್ರಕಾಶಕರೇ ಒಪ್ಪಿಕೊಂಡರು. ಬಿಡುಗಡೆ ಜಯನಗರದ ಒಂದು ಸಣ್ಣ ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ. ಅರೆಕೆರೆಯಿಂದ ಎರಡು ಟೆಂಪೋ ಟ್ರಾವೆಲರ್ ತುಂಬ ಜನ ಬಂದಿದ್ದರು, ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ, ಮದುವೆಗೆ ಬಂದ ಹಾಗೆ. ಕುರ್ಚಿ ಸಾಲದೆ ನಮ್ಮ ಹಳೇ ಮ್ಯಾನೇಜರು ಗೋಡೆಗೆ ಒರಗಿ ನಿಂತಿದ್ದರು. ನನ್ನ ಪುಸ್ತಕಕ್ಕೆ ನಾನು ಬಿಡುಗಡೆ ಇಟ್ಟುಕೊಂಡಿರಲಿಲ್ಲ, ಯಾರು ಬರುತ್ತಾರೆ ಅಂತ.

ವೇದಿಕೆಯ ಮೇಲೆ ಅವನು ಚೀಟಿ ನೋಡಿಕೊಂಡು ಮಾತಾಡಿದ. ಕೊನೆಗೆ ನನ್ನ ಕಡೆ ಕೈ ತೋರಿಸಿದ. "ಅಲ್ಲಿ ಕೂತಿರೋದು ನಮ್ಮಕ್ಕ. ಒಂದೊಂದು ಅಕ್ಷರ ತಿದ್ದಿದ್ರು. ಬೇಡದೇ ಇರೋದನ್ನ ತೆಗೆಸಿದ್ರು. ಇಲ್ಲಾಂದ್ರೆ ಇದು ಪುಸ್ತಕ ಆಗ್ತಿರ್ಲಿಲ್ಲ." ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ.

ತಿಂಡಿಯ ಹೊತ್ತಿಗೆ ಮುಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಕೋಲೂರಿಕೊಂಡು ನನ್ನ ಹತ್ತಿರ ಬಂದಳು. ಅವನ ಅಜ್ಜಿ. ನನ್ನ ಮುಂಗೈ ಹಿಡಿದಳು. "ನಮ್ ಐದ ಬರ್ದಿದ್ನ ನೀನೇ ತಿದ್ದಿದ್ದಂತೆ ಕಣವ್ವ."

"ಹೂಂ ಅಜ್ಜಿ."

"ನಂಗೆ ಓದಕ್ ಬರಾಕಿಲ್ಲ. ನನ್ ವಿಸ್ಯ ಏನಾರ ಬರ್ದವ್ನಾ?"

ಇಲ್ಲ ಅನ್ನಬಹುದಿತ್ತು. ಬಾಯಿ ಬರಲಿಲ್ಲ. "ಬರ್ದಿದಾನೆ" ಅಂದೆ.

"ಏನಂತ?"

ಹೇಳಿದೆ. ಪೈಪಿನ ಪಕ್ಕ ಕೂರುವುದು, ತಿರುಗದ ನಲ್ಲಿ, ಕೊನೆಯ ಮಹಡಿಯ ಹೆಂಗಸು, ಹೊಸ್ತಿಲು. ಒಂದು ವಿವರವನ್ನೂ ಬಿಡದೆ, ಅವನು ಬರೆದ ಕ್ರಮದಲ್ಲೇ. ಅಜ್ಜಿ ನನ್ನ ಮುಂಗೈ ಬಿಡದೆ ನಿಂತು ಕೇಳಿದಳು. "ಅದ್ನೆಲ್ಲ ನೋಡವ್ನಾ ಅವ್ನು" ಅಂದಳು ಕೊನೆಗೆ. ಅವಳ ಮುಖ ಅರಳಿದ್ದನ್ನು ನೋಡಿ ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮೂರು ದಿನ ಬಿಟ್ಟು ಅವನ ಫೋನು ಬಂತು. "ಅಕ್ಕ, ಅಜ್ಜಿ ದಿನಾ ಮೋಟರ್ ವಿಷ್ಯ ಓದು ಅಂತಾಳೆ. ಪುಸ್ತಕದಲ್ಲಿಲ್ಲ ಅಂದ್ರೆ ನಂಬಲ್ಲ. ನೀವು ಪೂರ್ತಿ ಹೇಳಿದ್ರಂತೆ."

"ಹೂಂ."

"ನೀವು ಅದನ್ನ ಓದಿ ಒಂದು ವರ್ಷದ ಮೇಲಾಯ್ತು. ಅಷ್ಟೂ ನೆನಪಿತ್ತಾ?"

ಅವನು ಆರೋಪ ಮಾಡುತ್ತಿರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳುತ್ತಿದ್ದ. "ನಾಳೆ ಮನೆಗೆ ಬರ್ತೀನಿ" ಅಂದೆ.

ಅರೆಕೆರೆಗೆ ಆಟೋದಲ್ಲಿ ಹೋದೆ. ಸಿಗ್ನಲ್ಲಿನಲ್ಲಿ ಎರಡು ಸಲ, ವಾಪಸ್ ತಿರುಗಿಸಿ ಅಂತ ಹೇಳೋಣ ಅನ್ನಿಸಿತು. ಅವನು ಮನೆಯಿಂದಲೇ ಕೆಲಸ ಮಾಡುತ್ತಿದ್ದ. ಲ್ಯಾಪ್‌ಟಾಪ್ ಮುಚ್ಚಿಟ್ಟು ಬಂದು ಎದುರು ಕೂತ. ನಾನು ಚಪ್ಪಲಿ ಬಿಟ್ಟ ಕಾಲನ್ನೇ ನೋಡುತ್ತಾ ಹೇಳಿದೆ.

"ಆ ಅಧ್ಯಾಯ ಇಡೀ ಪುಸ್ತಕದಲ್ಲೇ ಚೆನ್ನಾಗಿತ್ತು. ಅದಕ್ಕೇ ತೆಗೆಸಿದೆ."

"ಅದಕ್ಕೇ ಅಂದ್ರೆ?"

"ನನ್ನ ಕೈಯಲ್ಲಿ ಹಾಗೆ ಬರೆಯೋಕೆ ಆಗಲ್ಲ. ತಡ್ಕೊಳ್ಳೋಕೆ ಆಗ್ಲಿಲ್ಲ."

ಬೈಯಲಿ ಅಂತ ಕಾದೆ. ಬೈದರೆ ಅತ್ತು ಹಗುರಾಗಬಹುದು ಅಂತ ಲೆಕ್ಕ ಹಾಕಿಕೊಂಡೇ ಬಂದಿದ್ದೆ ಅನ್ನಿಸುತ್ತೆ. ಅವನು ಎದ್ದು ಹೋಗಿ ಅಡುಗೆಮನೆಯ ಬಾಗಿಲು ಎಳೆದು ಬಂದು ಕೂತ. ಒಳಗೆ ಮಿಕ್ಸಿಯ ಸದ್ದು.

"ನೀವು ಹೇಳಿದ್ದು ಬಿಡಿ" ಅಂದ ಆಮೇಲೆ. "ನಾನು ಕೇಳಿದ್ನಲ್ಲ. ಅಜ್ಜೀನ ನಾನೇ ತೆಗ್ದೆ. ಚೆನ್ನಾಗಿದೆ ಅಂತ ನಂಗೆ ಗೊತ್ತಿತ್ತು. ನೀವು ಜಯನಗರದೋರು, ಓದಿದೋರು, ನಿಮಗೆ ಗೊತ್ತಿರೋದೇ ಸರಿ ಇರ್ಬೇಕು ಅಂದ್ಕೊಂಡೆ."

"ತಪ್ಪಾಯ್ತು."

"ಕಾಫಿ ಕುಡ್ಕೊಂಡು ಹೋಗಿ ಮೇಡಂ."

ಹನ್ನೆರಡು ವರ್ಷದಲ್ಲಿ ಅವನು ನನ್ನನ್ನು ಮೇಡಂ ಅಂದದ್ದು ಅದೇ ಮೊದಲು. ಕಾಫಿ ಬಂತು, ಕುಡಿದೆ. ಗೇಟಿನ ತನಕ ಬಂದು ಕಳಿಸಿಕೊಟ್ಟ. ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ.

ಆರು ತಿಂಗಳಿಗೆ ಎರಡನೇ ಮುದ್ರಣ ಬಂತು. ಪುಸ್ತಕದ ಅಂಗಡಿಯಲ್ಲಿ ನಿಂತೇ ತೆರೆದು ನೋಡಿದೆ. ಹನ್ನೊಂದನೇ ಅಧ್ಯಾಯ ಅದರ ಜಾಗದಲ್ಲಿತ್ತು. ಮೊದಲ ಮುದ್ರಣದ ಕೃತಜ್ಞತೆಯಲ್ಲಿದ್ದ ನನ್ನ ಹೆಸರು ಇದರಲ್ಲಿ ಇರಲಿಲ್ಲ. ಅದಕ್ಕೂ ಒಂದು ಕ್ಷಣ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಮೊದಲ ಪುಟದ ಹದಿನಾಲ್ಕು ತಪ್ಪನ್ನಂತೂ ನಾನೇ ತಿದ್ದಿದ್ದೆನಲ್ಲ ಅಂತ.

ತಪ್ಪೊಪ್ಪಿಕೊಂಡರೆ ಹೊಟ್ಟೆಕಿಚ್ಚು ಹೋಗುತ್ತೆ ಅಂದುಕೊಂಡಿದ್ದೆ. ಹೋಗಲಿಲ್ಲ. ಓದಿದವರು ಎಲ್ಲೇ ಸಿಗಲಿ, "ಆ ಅಜ್ಜಿಯ ಅಧ್ಯಾಯ ಓದಿದ್ರಾ?" ಅನ್ನುತ್ತಾರೆ. ಓದಿದೆ ಅನ್ನುತ್ತೇನೆ, ಎದೆಯ ಕೆಳಗೆ ಅದೇ ಉರಿ. ಬದಲಾದದ್ದು ಇಷ್ಟೇ, ಈಗ ಅದರ ಹೆಸರು ನನಗೆ ಗೊತ್ತು, ಅದು ಬಂದಾಗ ಬಾಯಿ ಮುಚ್ಚಿಕೊಂಡಿರುತ್ತೇನೆ. ಯಾರಾದರೂ ಬರೆದದ್ದನ್ನು ಓದಿ ಹೇಳಿ ಅಂತ ಕೇಳಿದರೆ ಆಗುವುದಿಲ್ಲ ಅನ್ನುತ್ತೇನೆ.

ಹೋದ ವಾರ ಜಯನಗರದ ಮಾರ್ಕೆಟ್ಟಿನಲ್ಲಿ ಹಳೇ ಸಹೋದ್ಯೋಗಿಯೊಬ್ಬಳು ಸಿಕ್ಕಳು. ಅವನು ಎರಡನೇ ಕಾದಂಬರಿ ಬರೆಯುತ್ತಿದ್ದಾನೆ, ಇನ್ನೂ ಅದೇ ಆಫೀಸಿನಲ್ಲಿದ್ದಾನೆ ಅಂದಳು.

"ಯಾರಿಗೆ ತೋರಿಸ್ತಾನೆ?" ಅಂತ ಕೇಳಿದೆ.

"ಹೆಂಡ್ತಿಗೆ. ಒಂದೊಂದು ಅಧ್ಯಾಯ ಮುಗಿದ ಹಾಗೆ ಓದಿ ಹೇಳ್ತಾನಂತೆ."

ನಾನು ಒಂದು ಸಲವೂ ಮಾತಾಡಿಸದ ಆ ಹೆಂಗಸಿನ ಮೇಲೆ, ಹೀರೇಕಾಯಿ ಆರಿಸುತ್ತಾ, ಹೊಟ್ಟೆ ಉರಿಯಿತು. ಅವಳು ಕೂತು ಕೇಳುತ್ತಾಳೆ, ಏನನ್ನೂ ತೆಗೆಸುವುದಿಲ್ಲ. ಚೀಲ ಹಿಡಿದು ಮನೆಗೆ ಬಂದೆ. ಅವತ್ತು ಟೇಬಲ್ ಹತ್ತಿರ ಹೋಗಲಿಲ್ಲ. ಮರುದಿನ ಮಗಳು ಶಾಲೆಗೆ ಹೋದ ಮೇಲೆ ಕೂತು ಮೂರು ಪುಟ ಬರೆದೆ.