ನೆಲ್ಲಿನ ಕಣದ ಸಣ್ಣ ಟೀಮು

ಕುದಿಸಿದ ನೆಲ್ಲಿನ ವಾಸನಿ ಗೊತ್ತಿದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಎಷ್ಟು ಹೇಳಿದ್ರೂ ಅಷ್ಟ. ಭತ್ತಕ್ಕ ನಮ್ಮ ಕಡೆ ನೆಲ್ಲು ಅಂತೀವಿ. ಅದನ್ನ ನೆನಸಿ, ಉಗಿಯಾಗ ಬೇಯಿಸಿ, ಬಿಸಿಬಿಸಿ ಇದ್ದಾಗನ ಕಣಕ್ಕ ಸುರುವಿದ್ರ ಏಳೋ ವಾಸನಿ ಒಂಚೂರು ಹುಳಿ, ಒಂಚೂರು ಸಿಹಿ. ಮೂಗಿಗೆ ಬಡಿದ ಕೂಡಲೇ ಉಂಡ ಹೊಟ್ಟಿನೂ ಮತ್ತ ಹಸೀತೈತಿ. ಮೊನ್ನೆ ಒಂದು ಮದುವಿಗಂತ ಕಾರಟಗಿಗೆ ಹೋಗಿದ್ದೆ. ಬಸ್ ಇಳಿದು ನಾಕು ಹೆಜ್ಜಿ ಇಟ್ಟಿರಲಿಲ್ಲ, ಗಾಳಿಗೆ ಆ ವಾಸನಿ ಬಂತು. ಮದುವಿ ಮಂಟಪ ಎಡಕ್ಕಿತ್ತು, ನನ್ನ ಕಾಲು ಬಲಕ್ಕ ಹೊಂಟವು. ನಮ್ಮಜ್ಜನ ಗಿರಣಿ ಇದ್ದ ಜಾಗದಾಗ ಈಗ ತಗಡಿನ ಎತ್ತರದ ಶೆಡ್ಡು ಎದ್ದಾವ. ಅಲ್ಲಿ ನೆಲ್ಲು ಮಷಿನ್ನಿನ ಒಂದು ಬಾಯಿಗೆ ಹಸಿ ಹೋಗಿ ಇನ್ನೊಂದು ಬಾಯಿಗೆ ಒಣಗಿ ಬರತೈತಂತ, ಬಿಸಲಿನ ಮಾರಿ ಸುದ್ದಾ ನೋಡಂಗಿಲ್ಲ. "ಯಾರು ಬೇಕಾಗಿತ್ರಿ ಅಕ್ಕಾರ?" ಅಂತ ಗೇಟಿನ ವಾಚ್‌ಮನ್ ಕೇಳಿದ. ಯಾರೂ ಇಲ್ಲಪಾ ಅಂದೆ. ಖರೇನ ಹೇಳಿದ್ದೆ, ನನಗ ಬೇಕಾದವರು ಯಾರೂ ಅಲ್ಲಿ ಉಳಿದಿರಲಿಲ್ಲ.

ನಾ ಹುಡುಗಿ ಇದ್ದಾಗ ಅಲ್ಲಿ ಒಂದು ಸಣ್ಣ ಗಿರಣಿ, ಗಿರಣಿಗೆ ಅಂಟಿಕೊಂಡು ನಮ್ಮ ಮನಿ, ಮನಿ ಮುಂದ ಸಿಮೆಂಟಿನ ದೊಡ್ಡ ಕಣ. ಮನಿಯಾಗ ಅಜ್ಜ, ಅಪ್ಪ, ಅವ್ವ, ನಾನು ಅಂತ ನಾಕ ಮಂದಿ, ಆದ್ರ ಮುಂಜಾನಿ ಅವ್ವ ವಗ್ಗರಣಿ ಮಾಡೋದು ಇಪ್ಪತ್ತು ಮಂದಿಗೆ. ಚುರುಮರಿಗೆ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹಾಕಿ ಆಕಿ ಬುಟ್ಟಿಗಟ್ಟಲೆ ಕಲಸತಿದ್ದಳು, ಬೈಕೋತನ ಕಲಸತಿದ್ದಳು. ಯಾಕಂದ್ರ ನಮ್ಮ ಕಣದಾಗ ಊರಿನ ಫುಟ್‌ಬಾಲ್ ಕ್ಲಬ್ಬಿನ ಸಣ್ಣ ಟೀಮು ಬೆಳೀತಿತ್ತು. ದೊಡ್ಡ ಟೀಮಿಗೆ ಹೈಸ್ಕೂಲಿನ ಬಯಲಿತ್ತು. ಅವರು ಗಂಗಾವತಿ, ಕೊಪ್ಪಳ, ಕುಷ್ಟಗಿ ಅಂತ ಜೀಪು ಹತ್ತಿ ಮ್ಯಾಚಿಗೆ ಹೋಗತಿದ್ರು. ಸಣ್ಣ ಟೀಮು ಅಂದ್ರ ಹದಿನಾರರ ಒಳಗಿನ ಹುಡುಗರು, ಮುಂದ ದೊಡ್ಡ ಟೀಮಿಗೆ ಬೇಕಾಗೋ ಬೀಜ. ಬೀಜ ಅನ್ನೋದು ಬಾಯಿಮಾತಿಗೆ, ಬಿತ್ತಾಕ ನೆಲ ಮಾತ್ರ ಯಾರೂ ಕೊಟ್ಟಿರಲಿಲ್ಲ. ದೊಡ್ಡವರು ಬಯಲು ಬಿಟ್ಟುಕೊಡತಿರಲಿಲ್ಲ, ಹರಕ ಅಂಗಿ, ತಳ ಕಿತ್ತ ಬೂಟು ಅಷ್ಟು ಬಿಟ್ಟುಕೊಡತಿದ್ರು.

ಆ ನೆಲ ಕೊಡಿಸಿದವನು ಮೌಲಾಸಾಬ್ ಕಾಕಾ. ನಮ್ಮ ಗಿರಣಿಯ ಬಾಯ್ಲರ್ ನೋಡಿಕೊಳ್ಳತಿದ್ದ, ಉಳಿದ ಹೊತ್ತಿನ್ಯಾಗ ಸಣ್ಣ ಟೀಮಿನ ಕೋಚ್. ವಯಸ್ಸಿನ್ಯಾಗ ತಾನೂ ಅದ ಕ್ಲಬ್ಬಿನ್ಯಾಗ ಹನ್ನೊಂದು ವರ್ಷ ಇದ್ದ, ಹನ್ನೊಂದು ವರ್ಷನೂ ಹೊರಗ ಬೆಂಚಿನ ಮ್ಯಾಲ. ಯಾರಿಗರ ಕಾಲು ಉಳುಕಿದ್ರ ಇವನ್ನ ಇಳಿಸಬೇಕು ಅಂತಿತ್ತು, ಯಾರ ಕಾಲೂ ಉಳುಕಲಿಲ್ಲ. "ಎಂಥಾ ಗಟ್ಟಿ ಕಾಲಿನ ಮಕ್ಕಳಿದ್ರು ಅಂತೀರಿ" ಅಂತ ನಗಾಡಕೋತ ಹೇಳತಿದ್ದ. ನಗು ಖರೇನ ಇತ್ತು, ಆದ್ರ ಆ ಮಾತು ಮುಗಿದ ಮ್ಯಾಲ ಸ್ವಲ್ಪ ಹೊತ್ತು ಬಾಯ್ಲರಿಗೆ ಸುಮ್ಮಸುಮ್ನ ಹೊಟ್ಟು ಹಾಕತಿದ್ದ. ತನ್ನ ಕೈಯಾಗ ಬೆಳೆದ ಒಂದು ಹುಡುಗ ದೊಡ್ಡ ಟೀಮಿನ ಅಂಗಿ ತೊಡಬೇಕು, ಅದೊಂದು ನೋಡಿದ್ರ ಸಾಕು ಅಂತಿದ್ದ. ನಾವು ಆಡಾಕ ಹತ್ತಿದಾಗಿಂದ ಒಬ್ಬನೂ ಮ್ಯಾಲ ಹೋಗಿರಲಿಲ್ಲ.

ಕಣ ಕೊಡಾಕ ಅಜ್ಜ ಎರಡು ಕರಾರು ಹಾಕಿದ್ದ. ಒಂದು, ಬಾಲು ಮೊಣಕಾಲಿನ ಮ್ಯಾಲ ಏಳಬಾರದು. ಮಾಳಗಿ ಮ್ಯಾಲ ಅವ್ವನ ಸಂಡಿಗಿ ಒಣಗತಿದ್ದವು, ಒಮ್ಮೆ ಒಂದು ಬಾಲು ಅವುಗಳ ನಡು ಬಿದ್ದು ಆಕಿ ಎರಡು ದಿನ ಯಾರ ಜೋಡಿನೂ ಮಾತಾಡಿರಲಿಲ್ಲ. ಎರಡನೇದು, ಕಣದ ಒಂದು ಮಗ್ಗಲಿಗೆ ಆಟ ಹೂಡೋ ಮೊದಲು ಹುಡುಗರು ಉಳಿದ ಕಡೆ ಹರವಿದ ನೆಲ್ಲು ತಿರುವಿ ಹಾಕಬೇಕು. ಅದನ್ನ ಕೈಲೆ ಮಾಡಂಗಿಲ್ಲ, ಕಾಲಿಲೆ ಮಾಡೋದು. ಬರಿಗಾಲಿಲೆ ಒಬ್ಬರ ಪಕ್ಕ ಒಬ್ಬರು ನಿಂತು, ಪಾದ ನೆಲ ಬಿಡದಂಗ ಎಳಕೋತ ಕಣದ ಈ ತುದಿಯಿಂದ ಆ ತುದಿಗೆ ನಡಿಯೋದು. ಹಿಂದ ಹೊಲದಾಗ ಕುಂಟಿ ಹೊಡೆದಂಗ ಗೆರಿ ಬೀಳತಿದ್ದವು. ಬೆಳಿಗ್ಗೆ ನೆಲ್ಲು ಅಂಗಾಲಿಗೆ ತಂಪು ಹತ್ತತಿತ್ತು, ಮಧ್ಯಾಹ್ನಕ್ಕ ಸುಡತಿತ್ತು, ಸಂಜಿಗೆ ಗರಿಗರಿ ಆಗಿ ಕಚಗುಳಿ ಇಡತಿತ್ತು. ಈ ಎರಡು ಕರಾರಿನ್ಯಾಗ ಬೆಳೆದ ಹುಡುಗರ ಆಟ ಹ್ಯಾಂಗಿರಬೇಕು ನೀವ ಹೇಳ್ರಿ. ಒಬ್ಬರಿಗೂ ಬಾಲು ಎತ್ತರಕ್ಕ ಒದಿಯಾಕ ಬರತಿರಲಿಲ್ಲ. ಆದ್ರ ಕಾಲಿಗೆ ಬಾಲು ಸಿಕ್ಕರ ಬೆಲ್ಲಕ್ಕ ಇರವಿ ಹತ್ತಿದಂಗ, ಬಿಡಿಸಿಕೊಳ್ಳಾಕ ಯಾರಿಗೂ ಆಗತಿರಲಿಲ್ಲ. ಊರ ಮಂದಿ ನಮ್ಮನ್ನ ಕಾಲು ಎಳಿಯೋ ಟೀಮು ಅಂತ ಚಾಷ್ಟಿ ಮಾಡತಿದ್ರು.

ನಾನು ಆ ಟೀಮಿನ ಗೋಲ್‌ಕೀಪರ್. ಹುಡುಗಿ ಹ್ಯಾಂಗ ಬಂದಳು ಅಂದ್ರ, ಕಣ ನಮ್ಮದು, ಬ್ಯಾಡ ಅನ್ನೋ ಧೈರ್ಯ ಯಾರಿಗಿತ್ತು? ಅದೂ ಅಲ್ಲದ ನಮ್ಮ ಕಣದಾಗ ಗೋಲ್ ಕಾಯೋರಿಗೆ ಎರಡು ಕೆಲಸ, ಒಂದು ಬಾಲು ನೋಡೋದು, ಇನ್ನೊಂದು ಮೋಡ ನೋಡೋದು. ಕುದಿಸಿದ ನೆಲ್ಲು ಒಮ್ಮೆ ನೆನೆದ್ರ ಮುಗಿದಂಗ, ಅಕ್ಕಿ ಕಪ್ಪಾಗಿ ಮುಗ್ಗು ಹಿಡೀತೈತಿ. ಅದು ನಮ್ಮ ನೆಲ್ಲೂ ಅಲ್ಲ, ಸುತ್ತಲಿನ ಮಂದಿ ವರ್ಷದ ಊಟಕ್ಕಂತ ನಂಬಿ ತಂದು ಹಾಕಿದ್ದು. ಅದಕ್ಕ ಮೊದಲ ಹನಿ ಬಿದ್ದದ್ದು ಕಂಡವರು "ರಾಶಿ!" ಅಂತ ಕೂಗಬೇಕು. ಕೂಗು ಕೇಳಿದ್ರ ಕಾಲಾಗಿನ ಬಾಲು, ಕೈಯಾಗಿನ ತುತ್ತು ಎಲ್ಲಾ ಬಿಟ್ಟು ಓಡಬೇಕು. ಇಬ್ಬಿಬ್ಬರು ಹಗ್ಗ ಕಟ್ಟಿದ ಹಲಗಿ ಎಳದು ನೆಲ್ಲು ಗುಡ್ಡಿ ಮಾಡೋದು, ಉಳಿದವರು ತಾಡಪತ್ರಿ ಹೊಚ್ಚೋದು. ಯಾಕ, ಏನು, ಖರೇನೋ ಸುಳ್ಳೋ ಅಂತ ಕೇಳೋ ಹಂಗಿಲ್ಲ. ಕಾಕಾ ನಮಗ ಕಲಿಸಿದ್ದ ಮೊದಲನೇ ಪಾಠ ಅದ, ಬಾಲಿನ ಪಾಠ ಆಮ್ಯಾಲ.

ನಮ್ಮಾಗ ಎಲ್ಲಾರಕಿಂತ ಛಲೋ ಆಡತಿದ್ದಾಂವ ಹುಲಿಗೆಪ್ಪ, ನಮ್ಮ ಬಾಯಾಗ ಹುಲಿಗ್ಯಾ. ಅವರಪ್ಪ ನಮ್ಮ ಗಿರಣಿಯಾಗ ಚೀಲ ಹೊರೋ ಹಮಾಲ. ಹುಲಿಗ್ಯಾ ಮಾತು ಕಮ್ಮಿ, ನಾನು ಹೇಳಿದ್ದಕ್ಕೆಲ್ಲಾ ನಗೋದು ಜಾಸ್ತಿ. ಆ ವರ್ಷ ಅವಂಗ ಹದಿನಾರು ತುಂಬಾಕ ಬಂದಿತ್ತು. ವರ್ಷಕ್ಕೊಮ್ಮೆ ದೊಡ್ಡ ಟೀಮಿಗೂ ಸಣ್ಣ ಟೀಮಿಗೂ ಒಂದು ಮ್ಯಾಚ್ ಇಡತಿದ್ರು, ಅದರಾಗ ಕಣ್ಣಿಗೆ ಬಿದ್ದವನ್ನ ಮ್ಯಾಲ ತಗೋತಿದ್ರು. ಹುಲಿಗ್ಯಾಗ ಅದ ಕಡೀ ಮ್ಯಾಚ್. ಆರಿಸಿದ್ರ ದೊಡ್ಡ ಟೀಮು, ಇಲ್ಲಂದ್ರ ನಾಳಿಂದ ಅಪ್ಪನ ಜೋಡಿ ಬೆನ್ನಿಗೆ ಚೀಲ. ಇದು ನಮಗ ಎಲ್ಲಾರಿಗೂ ಗೊತ್ತಿತ್ತು. ಕಾಕಾ ಹಿಂದಿನ ದಿನ ತನ್ನ ಕೈಲೆ ಅವನ ಬೂಟಿಗೆ ಹೊಲಿಗಿ ಹಾಕಿ ಎಣ್ಣಿ ತಿಕ್ಕಿದ.

ಮ್ಯಾಚಿನ ದಿನ ಆಕಾಶ ತೊಳದಿಟ್ಟಂಗ ಇತ್ತು. ಅಜ್ಜ ಕಣದ ತುಂಬ ನೆಲ್ಲು ಹರವಿದ್ದ, ಗಿರಣಿ ಮಂದಿ ಎಲ್ಲಾ ಮ್ಯಾಚ್ ನೋಡಾಕ ಬಂದಿದ್ರು. ಹೈಸ್ಕೂಲಿನ ಬಯಲಿಗೂ ನಮ್ಮ ಕಣಕ್ಕೂ ನಡು ಒಂದು ಕಾಲುವಿ, ಒಂದು ಓಣಿ ಅಷ್ಟ. ದೊಡ್ಡ ಟೀಮಿನವರು ಮೊದಲು ನಗಾಡಕೋತ ಆಡಿದ್ರು, ಆಮ್ಯಾಲ ನಗೋದು ಬಿಟ್ರು. ಬಾಲು ನಮ್ಮ ಹುಡುಗರ ಕಾಲು ಬಿಟ್ಟು ಬರವಲ್ದು. ಮ್ಯಾಚ್ ಮುಗಿಯಾಕ ಬಂದ್ರೂ ಎರಡೂ ಕಡೆ ಗೋಲಿಲ್ಲ. ಅವಾಗ ಹುಲಿಗ್ಯಾಗ ನಡುಬಯಲಿನ್ಯಾಗ ಬಾಲು ಸಿಕ್ಕಿತು. ಒಬ್ಬನ್ನ ದಾಟಿದ, ಇಬ್ಬರನ್ನ ದಾಟಿದ, ಮೂರನೇದಾಂವ ಜಾರಿ ಕುಂತ. ಮುಂದ ಉಳಿದಾಂವ ಕೀಪರ್ ಶರಣಪ್ಪ ಒಬ್ಬನ, ದೊಡ್ಡ ಟೀಮಿನ ಕ್ಯಾಪ್ಟನ್ನೂ ಅವನ. ಅಂವನೂ ಮುಂದ ನುಗ್ಗಿ ಬಿದ್ದ. ಹುಲಿಗ್ಯಾನ ಮುಂದ ಖಾಲಿ ಗೋಲು. ಸರಿಯಾಗಿ ಆ ಹೊತ್ತಿಗೆ, ಬಯಲಿನ ಈ ತುದಿಗೆ ನಿಂತಿದ್ದ ನನ್ನ ಮುಂಗೈ ಮ್ಯಾಲ ಒಂದು ಹನಿ ಬಿತ್ತು.

ನಾನು ಕೂಗಿದೆ. ಕೂಗಬೇಕಂತ ಅಲ್ಲ, ಬಾಯಿ ತಾನ ಕೂಗಿತು. "ರಾಶಿ!"

ಹುಲಿಗ್ಯಾ ಬಾಲು ಅಲ್ಲೇ ಬಿಟ್ಟ. ಗೋಲಿಗೆ ಎರಡು ಹೆಜ್ಜಿ ಇತ್ತು, ಹಂಗ ಬಿಟ್ಟು ಹಿಂದ ತಿರುಗಿ ಓಟ ಕಿತ್ತ. ಉಳಿದವರೂ ಓಡಿದ್ರು, ನಾನೂ ಓಡಿದೆ, ಎಲ್ಲಾರಕಿಂತ ಮುಂದ ಲುಂಗಿ ಮ್ಯಾಲ ಕಟಗೊಂಡು ಕಾಕಾ ಓಡಾಕ ಹತ್ತಿದ್ದ. ಕಾಲುವಿ ಹಾರಿ, ಓಣಿ ದಾಟಿ, ಕಣಕ್ಕ ಬಂದು ಹಲಗಿ ಹಿಡದ್ವಿ. ಬೂಟು ಹಾಕ್ಕೊಂಡು ಕಣ ತುಳದ್ರಿ ಅಂತ ಅವ್ವ ಬೈಯೋದ್ರಾಗ ನೆಲ್ಲು ಗುಡ್ಡಿ ಆಗಿ ತಾಡಪತ್ರಿ ಬಿದ್ದಿತ್ತು. ಮ್ಯಾಲ ನೋಡಿದ್ವಿ. ಅಂಗೈಯಷ್ಟು ಒಂದು ಮೋಡ, ಗಂಗಾವತಿ ಕಡೆ ಹೊಂಟಿತ್ತು. ಬಿದ್ದದ್ದು ಎಣಿಸಿದ್ರ ಹತ್ತು ಹನಿ. ಬಿಸಲು ಮೊದಲಿನಂಗ ಚುರುಗುಟ್ಟತಿತ್ತು.

ನಾನು ಏನು ಮಾಡಿದೆ ಅಂತ ನನಗ ಅವಾಗ ತಿಳೀತು. ಹುಲಿಗ್ಯಾ ತಾಡಪತ್ರಿ ಮೂಲಿ ಹಿಡಕೊಂಡ ನಿಂತಿದ್ದ, ಮಾರಿ ಬಿಳಿಚಿಕೊಂಡಿತ್ತು. ನಾನು ನೆಲ್ಲಿನ ಗುಡ್ಡಿಗೆ ಮಾರಿ ಹಚ್ಚಿ ಅತ್ತೆ. ಕಾಕಾ ಬಂದು ತಲಿ ಮ್ಯಾಲ ಕೈಯಿಟ್ಟ. "ಹನಿ ಬಿದ್ದಾಗ ಕೂಗಿದ್ದು ತಪ್ಪಲ್ಲ ನೀಲವ್ವಾ. ಬಿದ್ದಾಗ ಸುಮ್ನಿದ್ರ ತಪ್ಪು." ಅಷ್ಟರಾಗ ಕ್ಲಬ್ಬಿನ ಸೆಕ್ರೆಟರಿ ಸಾಹುಕಾರ ಏದುಸಿರು ಬಿಟ್ಟಕೋತ ಕಣಕ್ಕ ಬಂದ್ರು. ಅವರದು ಕಬ್ಬಿಣದ ಅಂಗಡಿ, ಮಳಿ ಅಂದ್ರ ಅವರಿಗೇನು ಗೊತ್ತು. "ಮೌಲಾಸಾಬ, ಗೋಲಿನ ಮುಂದ ಬಾಲ್ ಬಿಟ್ಟು ಓಡೋನ್ನ ತಗೊಂಡು ನಾ ಏನ್ ಮಾಡ್ಲಿ?" ಅಂದ್ರು. ಕಾಕಾ ಯಾರ ಮುಂದೂ ಎದುರು ಮಾತಾಡಿದಾಂವ ಅಲ್ಲ. ಅವತ್ತು ಮಾತಾಡಿದ. "ಬಿಟ್ಟು ಓಡ್ಯಾನ, ಖರೇರಿ. ಒಂದ ಕೂಗಿಗೆ ಹನ್ನೊಂದು ಮಂದಿ ಓಡ್ಯಾರ್ರಿ ಸಾಹುಕಾರ್ರ. ನಿಮ್ಮ ದೊಡ್ಡ ಟೀಮಿನ್ಯಾಗ ಕರದ್ರ ಎಷ್ಟು ಮಂದಿ ತಿರುಗಿ ನೋಡ್ತಾರ?" ಅಜ್ಜ ಚರಿಗಿಯಾಗ ನೀರು ತಂದು ಸಾಹುಕಾರ್ರ ಕೈಗೆ ಕೊಟ್ಟ. ಅವರು ಗಟಗಟ ಕುಡದು ಚರಿಗಿ ಕೆಳಗಿಟ್ರು. ಆಮ್ಯಾಲ, "ನಡೀರಿ, ರೆಫ್ರಿ ಬಿಸಲಾಗ ನಿಂತಾನ" ಅಂದ್ರು.

ತಿರುಗಿ ಬಯಲಿಗೆ ಹೋದ್ವಿ, ಮುಗಿದ ಮ್ಯಾಚಿಗೆ ಯಾಕ ಹೊಂಟೀವೋ ಅನ್ನಂಗ ಕಾಲು ಎಳಕೋತ. ಹೋಗಿ ನೋಡಿದ್ರ ದೊಡ್ಡ ಟೀಮು ಬಯಲಿನ ತುಂಬ ಹಂಗ ಕುಂತಿತ್ತು. ಬಾಲು ಹುಲಿಗ್ಯಾ ಬಿಟ್ಟಲ್ಲೇ ಇತ್ತು. ಶರಣಪ್ಪ ಅದರ ಪಕ್ಕ ಚಕ್ಕಳಮಕ್ಕಳ ಹಾಕ್ಕೊಂಡು ಕಾವಲು ಕುಂತಿದ್ದ. ಒಯ್ದು ನಮ್ಮ ಖಾಲಿ ಗೋಲಿಗೆ ಹೊಡಿಯೋಣು ಅಂತ ಅವರಾಗ ಒಬ್ಬ ಅಂದಿದ್ನಂತ. "ನಮ್ಮ ಮನ್ಯಾಗೂ ನೆಲ್ಲು ಹರವ್ಯಾರ. ಬಾಲ್ ಮುಟ್ಟಬ್ಯಾಡ, ಅವ್ರು ಬರ್ತಾರ" ಅಂತ ಶರಣಪ್ಪ ಗದರಿಸಿದ್ನಂತ. ನಮ್ಮನ್ನ ನೋಡಿ ಎದ್ದ, ಚಡ್ಡಿ ಮಣ್ಣು ಕೊಡವಿಕೊಂಡ, ಗೋಲಿನ್ಯಾಗ ಹೋಗಿ ಕೈ ಅಗಲಿಸಿ ನಿಂತ. ಈಗ ಗೋಲು ಖಾಲಿ ಇರಲಿಲ್ಲ. "ಹೂಂ, ಬಾರಪಾ" ಅಂದ.

ಹುಲಿಗ್ಯಾ ಬಾಲಿನ ಹಿಂದ ನಿಂತ. ಅವಂಗ ಎತ್ತರಕ್ಕ ಒದಿಯಾಕ ಬರಂಗಿಲ್ಲ ಅನ್ನೋದು ಶರಣಪ್ಪಗೂ ಗೊತ್ತು, ಊರಿಗೂ ಗೊತ್ತು. ರೆಫ್ರಿ ಸೀಟಿ ಊದಿದ. ಹುಲಿಗ್ಯಾ ಒದಿಯಲೇ ಇಲ್ಲ. ನೆಲ್ಲು ತಿರುವಿದಂಗ ಬಾಲನ್ನ ಪಾದಕ್ಕ ಹಚಗೊಂಡು ಎಡಕ್ಕ ಎಳದ, ಶರಣಪ್ಪ ಎಡಕ್ಕ ಬಿದ್ದ, ಇಂವ ಬಲಕ್ಕ ಎಳದ, ಬಾಲಿನ ಜೋಡಿ ತಾನೂ ನಡಕೋತ ಗೋಲಿನ ಒಳಗ ಹೋಗಿ ನಿಂತ. ಬಯಲಿನ್ಯಾಗ ಎದ್ದ ಗದ್ದಲ ಕಣದಾಗ ಕುಂತ ಅಜ್ಜಗೂ ಕೇಳಿಸಿತ್ತಂತ. ಸಾಹುಕಾರ ಬಂದು ಹುಲಿಗ್ಯಾನ ಬೆನ್ನಿಗೆ ಗುದ್ದಿ "ನಾಳಿಂದ ಬಯಲಿಗೆ ಬಾರಲೇ" ಅಂದ್ರು. ಹುಲಿಗ್ಯಾನ ಅಪ್ಪ ಗುಂಪಿನ್ಯಾಗ ನಿಂತು ಹೆಗಲಿನ ಟವಲ್ಲಿಗೆ ಮಾರಿ ಒರಸಿಕೊಂಡ. ನನಗ ಆದ ಖುಷಿ ಹೇಳಾಕ ಬರಂಗಿಲ್ಲ, ಇವತ್ತಿನತನಕ ಅಷ್ಟು ಖುಷಿ ಮತ್ತೊಮ್ಮೆ ಆಗಿಲ್ಲ. ಸಂಜಿಗೆ ಅವ್ವ ಬೈಯದ ವಗ್ಗರಣಿ ಮಾಡಿದಳು, ಜೋಡಿ ಮಿರ್ಚಿನೂ ಕರದಳು.

ಈಗ ಅಜ್ಜನೂ ಇಲ್ಲ, ಕಾಕಾನೂ ಇಲ್ಲ. ಗಿರಣಿ ಮಾರಿದ್ವಿ, ಮನಿ ಕೆಡವಿದ್ರು, ಕಣ ಕೈಬಿಟ್ಟ ವರ್ಷನ ಸಣ್ಣ ಟೀಮು ಚದುರಿ ಹೋತು. ಹುಲಿಗೆಪ್ಪ ಗಿಣಿಗೇರಾದ ಫ್ಯಾಕ್ಟರಿಯಾಗ ಕೆಲಸಕ್ಕದಾನ, ರಜಾ ದಿನ ಅಲ್ಲಿಯ ಹುಡುಗರಿಗೆ ಆಟ ಕಲಸ್ತಾನಂತ. ನಿಮ್ಮೂರಾಗೂ ಇಂಥಾದ್ದೊಂದು ಕಣ, ಇಂಥಾ ಒಬ್ಬ ಕಾಕಾ ಇದ್ದಿರಬೇಕು. ಇದ್ರ ನಿಮಗ ಗೊತ್ತಿರತೈತಿ, ಅವರು ಹೋದ ಮ್ಯಾಲ ಅವರ ದೊಡ್ಡ ದೊಡ್ಡ ಮಾತು ನೆನಪಾಗಂಗಿಲ್ಲ, ಯಾವುದೋ ಒಂದು ಗಳಿಗಿ ನೆನಪಾಗತೈತಿ.

ನನಗ ನೆನಪಾಗೋದು ಆ ಮ್ಯಾಚ್ ಆದ ವಾರದ್ದು. ಬಯಲಿಗೆ ಹೋಗೋ ಮೊದಲನೇ ದಿನ ಹುಲಿಗ್ಯಾ ದೊಡ್ಡ ಟೀಮಿನ ಅಂಗಿ ತೊಟಗೊಂಡು ಕಣಕ್ಕ ಬಂದು ಕಾಕಾನ ಕಾಲು ಮುಟ್ಟಿದ್ದ. ಕಾಕಾ ಅಂಗಿಯ ಕಾಲರ್ ಸರಿ ಮಾಡಿ, "ಇನ್ ಮ್ಯಾಲ ಯಾರ ಕೂಗಿದ್ರೂ, ಎಂಥಾ ಮಳಿ ಬಂದ್ರೂ ನೀ ಓಡಿ ಬರಬ್ಯಾಡ" ಅಂದಿದ್ದ. ಹುಲಿಗ್ಯಾ ತಲಿ ಕೆಳಗ ಹಾಕಿದ. ನಾಕು ದಿನಕ್ಕ ಖರೇ ಮಳಿ ಬಂತು. ನಾನು ಕೂಗಿದೆ. ಹಲಗಿ ಎಳದ್ವಿ, ಗುಡ್ಡಿ ಮಾಡಿದ್ವಿ, ದೊಡ್ಡ ತಾಡಪತ್ರಿ ಬಿಚ್ಚಿದ್ವಿ. ಅದಕ್ಕ ನಾಕು ಮೂಲಿ, ನಾಕನೇದು ಯಾವತ್ತೂ ಹುಲಿಗ್ಯಾಂದು. ಅದನ್ನ ಕಾಕಾ ಹಿಡದ. ಹಿಡಕೊಂಡು ಕಾಲುವಿ ಆಚಿ ಬಯಲಿನ ಕಡೆ ನೋಡಕೋತ ನಿಂತ. ಅಲ್ಲಿ ಮಳಿಯಾಗನ ಆಟ ನಡದಿತ್ತು. ಪಾಪ, ಹುಡುಗ ಬಿಟ್ಟು ಹೋದ ಅಂತ ಇವಂಗ ಕೆಟ್ಟ ಅನಿಸಿರಬೇಕು ಅಂದುಕೊಂಡು ನಾನು ಹತ್ತಿರ ಹೋದೆ. ಕಾಕಾನ ಮಾರಿ ಮ್ಯಾಲ ನೀರು ಧಾರಿ ಧಾರಿ ಇಳೀತಿತ್ತು, ಬಾಯಿ ತುಂಬ ನಗು.

"ಬರಲಿಲ್ಲ ನೋಡು ನೀಲವ್ವಾ," ಅಂದ. "ಬರಲಿಲ್ಲ."