ನೊವೆನಾ ಮುಗಿದ ದಿನ ಬಂದ ಸಂಬಂಧ

ತಿರುವನಂತಪುರದ ನಮ್ಮ ಶ್ರೀಕಾರ್ಯಂ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುವುದು ಪರಮಪ್ರಸಾದ ಕೊಟ್ಟು ಮುಗಿದ ಮೇಲೆ, ಕೊನೆಯ ಆಶೀರ್ವಾದಕ್ಕೆ ಮುಂಚೆ. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಅದನ್ನು ಬ್ಯಾನ್ಸ್ ಎಂದು ಕಲಿಸಿದ್ದರು. ಇಲ್ಲಿಯವರು ವಿಳಿಚ್ಚುಚೊಲ್ಲಲ್, ಅಂದರೆ ಕೂಗಿ ಹೇಳುವುದು, ಎನ್ನುತ್ತಾರೆ. ಹುಡುಗ ಇಂಥವನು, ಹುಡುಗಿ ಇಂಥವಳು, ಇವರ ಮದುವೆಗೆ ಅಡ್ಡಿಯೇನಾದರೂ ಇರುವುದು ಯಾರಿಗಾದರೂ ತಿಳಿದಿದ್ದರೆ ಗುರುಗಳಿಗೆ ತಿಳಿಸತಕ್ಕದ್ದು. ಮೂರು ಭಾನುವಾರ, ಎರಡೂ ಕಡೆಯ ಚರ್ಚಿನಲ್ಲಿ. ಇಷ್ಟು ವರ್ಷ ಆ ಹೊತ್ತಿಗೆ ನಾನು ಕನ್ನಡಕ ಒಳಗಿಟ್ಟು ಕಾಲಡಿಯಲ್ಲಿ ಕೊಡೆ ತಡಕುತ್ತಿರುತ್ತಿದ್ದೆ. ಯಾರೂ ಎದ್ದು ಅಡ್ಡಿ ಹೇಳಿದ್ದನ್ನು ಕಂಡವಳಲ್ಲ. ಆದರೆ ಆ ಭಾನುವಾರ ‘ತಿಳಿಸತಕ್ಕದ್ದು’ ಎಂಬ ಮಾತು ನನ್ನೊಬ್ಬಳನ್ನೇ ನೋಡಿ ಹೇಳಿದಂತೆ ಕೇಳಿಸಿತು. ಹುಡುಗಿ ನನ್ನ ಮೊಮ್ಮಗಳು. ಓದಿದ್ದು ಎರಡನೆಯ ಸಲ. ಪಕ್ಕದಲ್ಲಿ ಹುಡುಗನ ತಾಯಿ ನನ್ನ ಕೈ ಹಿಡಿದುಕೊಂಡು ಕೂತಿದ್ದರು.

ಆಕೆಯ ಕೈ ಬೆಚ್ಚಗಿತ್ತು. ಒಳ್ಳೆಯ ಹೆಂಗಸು, ಅದರಲ್ಲಿ ಸಂಶಯವಿಲ್ಲ. ನನ್ನ ಕೈ ಮಾತ್ರ ಐಸಿನಂತೆ ಇತ್ತು.

ಮಗಳ ಸಂಸಾರ ಕೊಚ್ಚಿಯ ಎಡಪ್ಪಳ್ಳಿಯಲ್ಲಿದೆ. ಅಳಿಯ ಬ್ಯಾಂಕಿನಲ್ಲಿ ಆಫೀಸರ್, ನಮ್ಮ ಹಾಗೆಯೇ ಮೈಸೂರು ಕಡೆಯವರು. ಒಬ್ಬಳೇ ಮಗಳು. ಕೊಚ್ಚಿಯಲ್ಲೇ ಹುಟ್ಟಿ ಬೆಳೆದವಳು, ಈಗ ಅಲ್ಲಿಯ ಐಟಿ ಪಾರ್ಕಿನಲ್ಲಿ ಕೆಲಸ. ನಾನು ಕನ್ನಡದಲ್ಲಿ ಕೇಳಿದರೆ ಅರ್ಧ ಇಂಗ್ಲಿಷು ಅರ್ಧ ಮಲಯಾಳಂ ಉತ್ತರ ಬರುತ್ತದೆ. ಅಜ್ಜಿ ಎಂದು ಕರೆಯುವಂತೆ ಎಷ್ಟು ಹೇಳಿಕೊಟ್ಟರೂ ಅವಳ ಬಾಯಿಗೆ ಹತ್ತಿದ್ದು ‘ಅಮ್ಮಚ್ಚಿ’ಯೇ. ಅವಳಿಗೆ ಸಂಬಂಧ ಕೂಡಿ ಬರಲಿಲ್ಲವೆಂದು ಮಗಳು ಫೋನಿನಲ್ಲಿ ಅಳುತ್ತಿದ್ದಾಗ ನಾನೇ ಹೇಳಿದೆ, ನಿತ್ಯಸಹಾಯ ಮಾತೆಗೆ ಒಂದು ನೊವೆನಾ ಮಾಡುತ್ತೇನೆ, ಒಂಬತ್ತು ಶನಿವಾರದ ಪ್ರಾರ್ಥನೆ ಎಂದು. ಮಂಡಿನೋವಿನಲ್ಲೂ ಒಂದು ಶನಿವಾರ ತಪ್ಪಿಸಲಿಲ್ಲ. ಒಂಬತ್ತನೆಯ ಶನಿವಾರ ಬಲಿಪೂಜೆ ಮುಗಿಸಿ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಗಾಯನಮಂಡಳಿಯಲ್ಲಿ ಕೀಬೋರ್ಡ್ ನುಡಿಸುವ ಹುಡುಗನ ತಾಯಿ ಹತ್ತಿರ ಬಂದು, “ನಿಮ್ಮ ಮೊಮ್ಮಗಳಿಗೆ ನೋಡ್ತಿದ್ದಾರಂತೆ ಅಲ್ವಾ?” ಎಂದು ಕೇಳಿದರು.

ನನಗೆ ಮೈ ಜುಮ್ಮೆಂದಿತು. ಕಾನ್ವೆಂಟಿನಲ್ಲಿ ನಮಗೆ ಜಪಸರ ಹೇಳಿಕೊಡುತ್ತಿದ್ದ ಮುದುಕಿ ಸಿಸ್ಟರ್ ಒಬ್ಬರಿದ್ದರು. “ಹೆವನ್ ತಪ್ಪು ವಿಳಾಸಕ್ಕೆ ಏನನ್ನೂ ಕಳಿಸೋದಿಲ್ಲ, ಚೈಲ್ಡ್. ಬಂದದ್ದನ್ನ ಎರಡೂ ಕೈಲಿ ತಗೋಬೇಕು,” ಎನ್ನುತ್ತಿದ್ದರು. ಮಗಳಿಗೆ ಫೋನ್ ಮಾಡಿದೆ. ಅವಳು ಊರಿಗೆಲ್ಲ ಹೇಳಿದಳು. ಮೈಸೂರಿನ ನಾದಿನಿಯರಿಗೆ, ಎಡಪ್ಪಳ್ಳಿಯ ಪ್ರಾರ್ಥನಾಕೂಟಕ್ಕೆ, ಅಳಿಯನ ಬ್ಯಾಂಕಿನವರಿಗೆ: ಅಮ್ಮನ ನೊವೆನಾ ಮುಗಿದ ದಿನವೇ ಬಂದ ಸಂಬಂಧ. ಹೀಗೆ ಅದು ಸಂಬಂಧವಾಗಿ ಉಳಿಯದೆ ಒಂದು ಮಿರಾಕಲ್ ಆಗಿಹೋಯಿತು.

ಮೊದಲ ಪ್ರಕಟಣೆಯ ಭಾನುವಾರ ನಾನು ಕೊಚ್ಚಿಯಲ್ಲಿದ್ದೆ. ಮರುದಿನ ಮಧ್ಯಾಹ್ನ ಮೊಮ್ಮಗಳು ನನ್ನನ್ನು ಬಸ್ಸು ಹತ್ತಿಸಲು ವೈಟ್ಟಿಲ ಬಸ್ ನಿಲ್ದಾಣಕ್ಕೆ ಬಂದಳು. ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟು, ನೀರಿನ ಬಾಟಲಿ ತಂದು, ಕೆಳಗೆ ಕಿಟಕಿಯ ಹತ್ತಿರ ನಿಂತಿದ್ದಳು. ಅಷ್ಟರಲ್ಲಿ ಅವಳಿಗೆ ಫೋನು ಬಂತು. ಹುಡುಗನ ವಿಡಿಯೋ ಕಾಲ್.

“ಬಸ್ ಸ್ಟ್ಯಾಂಡಲ್ಲಿ ಏನು? ನೀನು ಆಫೀಸಲ್ಲಿರಬೇಕಲ್ವಾ?” ಮಲಯಾಳದಲ್ಲಿ ಕೇಳಿದ. ಅವಳು ಎಲ್ಲಿದ್ದಾಳೆಂದು ಅವನ ಫೋನಿನ ಮ್ಯಾಪಿನಲ್ಲಿ ಕಾಣುತ್ತಿತ್ತಂತೆ, ಅದು ನನಗೆ ಆಮೇಲೆ ತಿಳಿದದ್ದು.

“ಅಮ್ಮಚ್ಚಿಯನ್ನ ಬಿಡೋಕೆ ಬಂದೆ. ಹೇಳಿದ್ನಲ್ಲ.”

“ತೋರಿಸು.”

ಅವಳು ಫೋನನ್ನು ಕಿಟಕಿಗೆ ಎತ್ತಿ ಹಿಡಿದಳು. “ಅಮ್ಮಚ್ಚಿ, ಪ್ಲೀಸ್, ಒಂದ್ಸಲ ಹಾಯ್ ಹೇಳಿ.” ನಾನು ಖುಷಿಯಿಂದ ಕೈ ಬೀಸಿದೆ. ಅವನೂ ನಕ್ಕು, “ಸುಖವಾ ಅಮ್ಮಚ್ಚಿ?” ಎಂದ. ಹಿಂದೆಯೇ, “ಯಾರೋ ಗಂಡಸಿನ ಧ್ವನಿ ಕೇಳ್ತಿದೆ. ಯಾರದು?”

ಕಂಡಕ್ಟರ್ ಬಾಗಿಲಲ್ಲಿ ನಿಂತು ಆಲಪ್ಪುಳ, ಕೊಲ್ಲಂ ಎಂದು ಕೂಗುತ್ತಿದ್ದ. ಮೊಮ್ಮಗಳು ಫೋನನ್ನು ಅವನತ್ತ ತಿರುಗಿಸಿದಳು. ಪಾಪ, ಕಂಡಕ್ಟರ್ ಹಲ್ಲು ಕಿರಿದು ಅವನೂ ಕೈ ಬೀಸಿದ. ಸುತ್ತ ಇದ್ದವರು ನಕ್ಕರು. ಅವಳು ನಗಲಿಲ್ಲ. ನಾನು ಕೈ ಬೀಸಿದ್ದು ಅಕ್ಕರೆಗಲ್ಲ, ಅವಳು ಸುಳ್ಳು ಹೇಳುತ್ತಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಎಂದು ನನಗೆ ಆಗ ಹೊಳೆಯಿತು.

“ಯಾವಾಗಲೂ ಹೀಗೇನಾ?” ಎಂದೆ.

“ರಾತ್ರಿ ಮಲಗೋವರೆಗೂ ವಿಡಿಯೋ ಆನ್ ಇರ್ಬೇಕು. ಪಾಸ್‌ವರ್ಡ್ ಎಲ್ಲ ಅವನ ಹತ್ರ ಇದೆ.” ಆಮೇಲೆ ತಗ್ಗಿದ ದನಿಯಲ್ಲಿ, “ಪ್ರೀ-ಮ್ಯಾರೇಜ್ ಕೋರ್ಸಲ್ಲಿ ಒಬ್ರು ಸಿಸ್ಟರ್ ಹೇಳಿದ್ರು, ಹೆದರಿಕೆಯಿಂದ ಹೇಳಿದ ಯೆಸ್ ಚರ್ಚಿನ ಲೆಕ್ಕದಲ್ಲಿ ಯೆಸ್ ಅಲ್ಲ ಅಂತ. ಎಲ್ರೂ ನಕ್ರು. ಅವನೂ ನಕ್ಕ.”

“ನೀನು?”

“ನಾನೂ ನಕ್ಕೆ. ಅವನು ನನ್ನೇ ನೋಡ್ತಿದ್ದ.”

“ಹಾಗಾದ್ರೆ ಬೇಡ ಅನ್ನು, ಮಗು. ಇನ್ನೂ ಟೈಮಿದೆ.”

“ಹೇಗೆ ಅನ್ಲಿ? ನಿಮ್ಮ ನೊವೆನಾದಲ್ಲಿ ಬಂದದ್ದಲ್ವಾ? ಬೇಡ ಅಂದು ಆಮೇಲೆ ಡ್ಯಾಡಿಗೆ ಏನಾದ್ರೂ ಆದ್ರೆ?”

ಬಸ್ಸು ಹೊರಟಿತು. ಅವಳು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಬಂದು ನಿಂತಳು. ತಿರುವನಂತಪುರ ಬರುವವರೆಗೂ ನಾನು ಜಪಸರ ಕೈಯಲ್ಲಿ ಹಿಡಿದಿದ್ದೆ. ಒಂದು ಮಣಿಯೂ ಸರಿಯಲಿಲ್ಲ. ಅವಳಿಗೆ ಆ ಹುಡುಗನ ಹೆದರಿಕೆ ಇತ್ತು ನಿಜ. ಅದಕ್ಕಿಂತ ದೊಡ್ಡ ಹೆದರಿಕೆ ಅವಳಿಗೆ ನನ್ನ ಪ್ರಾರ್ಥನೆಯದು.

ಮನೆಗೆ ಬಂದು ಮಗಳಿಗೆ ಫೋನ್ ಮಾಡಿದೆ. “ಅಮ್ಮ, ನೀನು ಸುಮ್ನಿರು,” ಎಂದಳು. “ಹುಡುಗ ಸ್ವಲ್ಪ ಪೊಸೆಸಿವ್, ಅಷ್ಟೇ. ಕುಡಿಯಲ್ಲ, ಸೇದಲ್ಲ, ಒಂದು ಭಾನುವಾರ ಪೂಜೆ ತಪ್ಪಿಸಲ್ಲ. ಮಾತೆಯೇ ಕೊಟ್ಟದ್ದನ್ನ ಈಗ ಬೇಡ ಅಂದ್ರೆ ಯಾರು ಮೂಸ್ತಾರೆ? ಇವರ ಬಿಪಿ ಬೇರೆ. ನಿನಗೆ ವಯಸ್ಸಾಯ್ತು, ಏನೇನೋ ಕಾಣ್ಸುತ್ತೆ.”

ಇರಬಹುದು, ವಯಸ್ಸಾಗಿದೆ. ಕಂಡದ್ದು ಒಂದು ಫೋನ್ ಕಾಲ್, ಅಷ್ಟೇ ತಾನೇ? ಅಷ್ಟಕ್ಕೆ ಒಬ್ಬ ಹುಡುಗನ ಹೆಸರು ಕೆಡಿಸುವುದೇ? ಇದು ಒಂದು ಕಡೆಯ ಹೆದರಿಕೆ. ಇನ್ನೊಂದು ಹೇಳಿಕೊಳ್ಳಲು ನಾಚಿಕೆಯಾಗುವಂಥದ್ದು: ಇದು ನಿಜವಾಗಿಯೂ ಮಾತೆ ಕೊಟ್ಟದ್ದೇ ಆಗಿದ್ದರೆ? ಕೇಳಿ, ಪಡೆದು, ಬೇಡವೆಂದು ಹಿಂದಕ್ಕೆ ನೂಕಿದರೆ, ಆ ನೂಕಿದ ಕೈಗೆ ಏನಾಗುತ್ತದೆ? ಹಾಗೆಂದು ಹೆದರುವುದನ್ನು ಎಳೆತನದಲ್ಲಿ ಕಲಿತವಳು ನಾನು. ಆ ಪಾಠ ಈಗ ಬಿಡು ಎಂದರೆ ಬಿಡುವುದಿಲ್ಲ.

ಎರಡನೆಯ ಭಾನುವಾರ ಪೂಜೆ ಮುಗಿದೊಡನೆ ವಿಕಾರ್ ಅಚ್ಚನ್ ಹತ್ತಿರ ಹೋಗಲು ಎದ್ದೆ. ಇಲ್ಲಿ ಗುರುಗಳನ್ನು ಅಚ್ಚನ್ ಎನ್ನುತ್ತಾರೆ. ಹುಡುಗನ ತಾಯಿ ಕೈ ಬಿಡಲಿಲ್ಲ. “ಅಚ್ಚನನ್ನ ನೋಡ್ಬೇಕಾ? ಬನ್ನಿ, ಒಟ್ಟಿಗೇ ಹೋಗೋಣ. ಇನ್ನು ನಾವು ಒಂದೇ ಮನೆಯವರಲ್ವಾ?” ಎಂದರು. ಅಚ್ಚನ್ ಎದುರು ನಿಂತು ನಾನು ಹಲ್ಲು ಕಾಣುವಂತೆ ನಕ್ಕು, ಮಂಡಿನೋವಿಗೆ ಪ್ರಾರ್ಥಿಸಿ ಎಂದು ಕೇಳಿ ಬಂದೆ. ಸಿಲ್ಲಿ ಓಲ್ಡ್ ವುಮನ್.

ಶನಿವಾರ ಬಂತು. ಬೆಳಗಿನ ನೊವೆನಾ ಪೂಜೆಗೆ ಹೋದೆ. ಮಾತೆಯ ಚಿತ್ರದ ಮುಂದೆ ಮಂಡಿಯೂರಲಾಗದೆ ಬೆಂಚಿನ ತುದಿಯಲ್ಲಿ ಕೂತು ನೆನಪಿಸಿಕೊಳ್ಳಲು ನೋಡಿದೆ: ನಾನು ಆ ಒಂಬತ್ತು ವಾರ ಕೇಳಿದ್ದಾದರೂ ಏನನ್ನು? ಒಳ್ಳೆಯ ಗಂಡನನ್ನು ಕೊಡು ಎಂದು ಬಾಯಿಬಿಟ್ಟು ಕೇಳಿದ ನೆನಪಾಗಲಿಲ್ಲ. ಮಗಳು ಅಳುತ್ತಿದ್ದುದರಿಂದ ‘ನನ್ನ ಮಕ್ಕಳನ್ನು ನೋಡಿಕೋ’ ಎಂದಷ್ಟೇ ಹೇಳುತ್ತಿದ್ದೆ. ಮದುವೆಯ ಮಾತು ಸೇರಿಸಿದವರು ನಾವು. ಇದರಿಂದ ನನ್ನ ಹೆದರಿಕೆ ಹೋಯಿತೆಂದಲ್ಲ. ಆದರೆ ಏಳುವಷ್ಟು ಬಲ ಬಂತು. ಆ ದಿನ ಪಕ್ಕದಲ್ಲಿ ಯಾರೂ ಇರಲಿಲ್ಲ.

ಅಚ್ಚನ್ ಆಫೀಸಿನ ಫ್ಯಾನ್ ಕೆಳಗೆ ಚಹಾ ಕುಡಿಯುತ್ತಿದ್ದರು. ನನ್ನ ಮೊಮ್ಮಗನಾಗುವ ವಯಸ್ಸಿನವರು. ಎಲ್ಲವನ್ನೂ ಹೇಳಿದೆ. ಅವರು ಚಹಾದ ಲೋಟ ಕೆಳಗಿಟ್ಟರು.

“ಇದು ಹುಡುಗಿ ಹೇಳಬೇಕಾದ ಮಾತು, ಅಮ್ಮಚ್ಚಿ. ನಿಮ್ಮ ಮಾತಿನ ಮೇಲೆ ನಾನು ಮದುವೆ ನಿಲ್ಸೋಕಾಗಲ್ಲ.”

“ಅವಳು ಹೇಳಲ್ಲ ಅಚ್ಚಾ. ಕೇಳಿದ್ರೆ ಯೆಸ್ ಅಂತಾಳೆ. ಎಲ್ರ ಮುಂದೆ ಕೇಳಿದ್ರೆ ಇನ್ನೂ ಗಟ್ಟಿಯಾಗಿ ಅಂತಾಳೆ.”

“ಎಡಪ್ಪಳ್ಳಿಯ ವಿಕಾರ್‌ಗೆ ಫೋನ್ ಮಾಡ್ತೀನಿ. ಅವರು ಅವಳನ್ನ ಒಬ್ಬಳನ್ನೇ ಕರೆದು ಕೇಳ್ಲಿ. ಆದ್ರೆ ಮನೆಯವರು ಯಾರು ಹೇಳಿದ್ದು ಅಂತ ಕೇಳೇ ಕೇಳ್ತಾರೆ. ಏನನ್ಲಿ?”

ಹೊರಗೆ ಹೆಂಗಸರು ಹೂವಿನ ಕುಂಡಗಳನ್ನು ಎಳೆಯುತ್ತಿದ್ದರು. ಹೇಳಬೇಡಿ ಎನ್ನಲು ಬಾಯಿ ತೆರೆದೆ. ಎಡಪ್ಪಳ್ಳಿಯ ಮನೆಯ ಬಾಗಿಲು ಮುಚ್ಚಿದಂತೆ ಕಣ್ಣ ಮುಂದೆ ಬಂತು. ಅಲ್ಲಿ ನನ್ನ ಮಂಡಿನೋವಿಗೆಂದೇ ಇಟ್ಟಿರುವ ಒಂದು ಎತ್ತರದ ಕುರ್ಚಿ ಇದೆ.

“ಅವಳ ಅಜ್ಜಿ ಹೇಳಿದ್ದು ಅನ್ನಿ,” ಎಂದೆ.

ಅವಳ ಫೋನಿಗೆ ಮಾಡಲು ಧೈರ್ಯವಾಗಲಿಲ್ಲ. ಮಗಳ ಫೋನಿಗೆ ಮಾಡಿ, ನೊವೆನಾದ ವಿಷಯ ಮಾತಾಡಬೇಕು, ಅವಳಿಗೆ ಕೊಡು ಎಂದೆ. ಮಗಳು ಸಂತೋಷದಿಂದ ಕೊಟ್ಟಳು.

“ಮಗು, ಕೇಳು. ನಾನು ನಿನಗೆ ಗಂಡನ್ನ ಕೇಳಿರಲಿಲ್ಲ. ನಿನ್ನನ್ನ ನೋಡಿಕೋ ಅಂತ ಕೇಳಿದ್ದು. ಆ ಹುಡುಗ ಬಂದದ್ದು ಆ ದಿನ ಇರಬಹುದು. ಅವನನ್ನ ಉತ್ತರ ಅಂದದ್ದು ನಾವು. ನೀನು ಬೇಡ ಅಂದ್ರೆ ನನಗೆ ಬೇಡ ಅಂದ ಹಾಗೆ, ದೇವರಿಗಲ್ಲ.”

ಆ ಕಡೆ ಅವಳು ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು.

“ಇವತ್ತು ಅಲ್ಲಿಯ ಅಚ್ಚನ್ ನಿನ್ನನ್ನ ಕರೀತಾರೆ. ಯಾರೂ ಜೊತೆಗಿರಲ್ಲ.”

“ಫೋನ್ ಮನೇಲಿ ಬಿಟ್ಟು ಹೋಗ್ಲಾ?” ಎಂದು ಪಿಸುಗುಟ್ಟಿದಳು.

“ಬಿಟ್ಟು ಹೋಗು.”

ಮೂರನೆಯ ಭಾನುವಾರ ಹುಡುಗನ ತಾಯಿ ನನ್ನ ಪಕ್ಕಕ್ಕೇ ಬಂದು ಕೂತು ಕೈ ಹಿಡಿದರು. ಅವರಿಗೆ ಇನ್ನೂ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಅಚ್ಚನ್ ಪ್ರಕಟಣೆ ಓದಿದರು. ಬೇರೆ ಯಾರದೋ ಹೆಸರು, ಇನ್ನೊಂದು ಜೋಡಿಯ ಹೆಸರು. ನಮ್ಮವರ ಹೆಸರು ಬರಲಿಲ್ಲ. ಆಮೇಲೆ ಕಾಗದ ಮಡಚಿ ಆಶೀರ್ವಾದಕ್ಕೆ ಕೈ ಎತ್ತಿದರು. ನನ್ನ ಕೈ ಮೇಲಿದ್ದ ಕೈ ಮೊದಲು ಬಿಗಿಯಾಯಿತು. ಆಮೇಲೆ ಒಂದೊಂದೇ ಬೆರಳು ಬಿಟ್ಟಿತು. ಗಾಯನಮಂಡಳಿ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಕೀಬೋರ್ಡು ಮಾತ್ರ ಒಂದು ಸ್ವರವೂ ತಪ್ಪದೆ ನುಡಿಯುತ್ತಿತ್ತು.

ಮಗಳು ಈಗ ಫೋನ್ ಮಾಡುವುದಿಲ್ಲ. ಅಳಿಯನ ಬಿಪಿ ಏರಿತ್ತಂತೆ, ಇಳಿಯಿತಂತೆ, ಅವಳ ನಾದಿನಿಯರಿಂದ ತಿಳಿಯಿತು. ಅದು ಇಳಿಯಿತೆಂದು ಕೇಳುವವರೆಗೆ ನಾನು ನೆಟ್ಟಗೆ ಊಟ ಮಾಡಲಿಲ್ಲ. ಮೊಮ್ಮಗಳು ಸಿಸ್ಟರುಗಳು ನಡೆಸುವ ಒಂದು ಹಾಸ್ಟೆಲಿಗೆ ಹೋಗಿದ್ದಾಳೆ. ಹೊಸ ನಂಬರಿನಿಂದ ಮಾತಾಡುತ್ತಾಳೆ, ವಿಳಾಸ ನನಗೆ ಗೊತ್ತು.

ಹೋದ ಭಾನುವಾರ ಚರ್ಚಿನ ಮೆಟ್ಟಿಲಿಳಿಯುವಾಗ ನನ್ನ ಮೊಣಕೈಯನ್ನು ಯಾರೋ ಮೆತ್ತಗೆ ಹಿಡಿದರು. ಅವನೇ. ಬಿಳಿ ಶರ್ಟು, ಅದೇ ನಗು.

“ಅಮ್ಮಚ್ಚಿ, ಮೆಟ್ಟಿಲು ಜೋಪಾನ. ಅವಳು ಈಗ ಎಲ್ಲಿದ್ದಾಳೆ?”

ಬಾಯಲ್ಲಿ ಪರಮಪ್ರಸಾದದ ರುಚಿ ಇನ್ನೂ ಇತ್ತು. “ಗೊತ್ತಿಲ್ಲ ಮಗನೇ,” ಎಂದೆ.

ಕೆಳಗಿನ ಮೆಟ್ಟಿಲವರೆಗೂ ಅವನು ಕೈ ಬಿಡಲಿಲ್ಲ. ಆ ಹಿಡಿತ ಈಗಲೂ ತೋಳಿನಲ್ಲಿ ಇದೆ. ಗೇಟು ಸದ್ದಾದರೆ ಮೊದಲು ಕಿಟಕಿಯಿಂದ ನೋಡುತ್ತೇನೆ.

ಆ ಸುಳ್ಳನ್ನು ನಾನು ಇನ್ನೂ ಪಾಪನಿವೇದನೆಯಲ್ಲಿ ಹೇಳಿಲ್ಲ. ಹೇಳಬೇಕಾದರೆ ಅದಕ್ಕಾಗಿ ದುಃಖಪಡಬೇಕು, ಮತ್ತೆ ಮಾಡುವುದಿಲ್ಲವೆಂದು ಮಾತು ಕೊಡಬೇಕು, ಹಾಗೆಂದು ನಮಗೆ ಕಲಿಸಿದ್ದಾರೆ. ಮುಂದಿನ ಭಾನುವಾರ ಅವನು ಮತ್ತೆ ಕೇಳುತ್ತಾನೆ.